ಸಹಾಯಕ ಕೋಚ್ ಅಂದ್ರೆ ಯಾರು? ಬ್ಯಾನರ್ ನಂಬೋಕೆ ಮುಂಚೆ ಒಂದು ಮಾತು

ಈ ವಾರದ ಮಾತುಕತೆಯ ಬರಹ ರೂಪ ಇದು. ವಿಡಿಯೋದಲ್ಲಿ ಹಿಂದುಗಡೆ ಕೇಳಿಸ್ತಿದ್ದ ಕೂಗು ನಮ್ಮ ಬೀದಿಯ ಕಬಾಡಿವಾಲನದು. ಪೀತಮ್‌ಪುರದಲ್ಲಿ ಭಾನುವಾರ ಬೆಳಿಗ್ಗೆ ರೆಕಾರ್ಡ್ ಮಾಡಿದ್ರೆ ಅವನಿಂದ ತಪ್ಪಿಸ್ಕೊಳ್ಳೋಕೆ ಆಗಲ್ಲ, ಕ್ಷಮಿಸಿ.

ವಿಷಯಕ್ಕೆ ಬರ್ತೀನಿ. ಧಾರವಾಡದ ಗೆಳೆಯನೊಬ್ಬ ಇಲ್ಲೇ ಎರಡು ಗಲ್ಲಿ ಆಚೆ ಇದ್ದಾನೆ. ದಿನಾ ಕಾಶ್ಮೀರಿ ಗೇಟ್‌ನಲ್ಲಿ ಮೆಟ್ರೋ ಬದಲಾಯಿಸಿ ಗುರುಗ್ರಾಮಕ್ಕೆ ಹೋಗಿ ಬರ್ತಾನೆ. ಮಗನಿಗೆ ಹನ್ನೆರಡು ವರ್ಷ, ವೇಗದ ಬೌಲಿಂಗ್ ಹುಚ್ಚು. ಹೋದ ವರ್ಷ ಒಂದು ಕ್ರಿಕೆಟ್ ಅಕಾಡೆಮಿಗೆ ಸೇರಿಸಿದ. ಗೇಟಿನ ಮೇಲೆ ಬ್ಯಾನರ್, ಅದರಲ್ಲಿ ಕೋಚ್‌ನ ಫೋಟೋ, ಕೆಳಗೆ 'ಚಾಂಪಿಯನ್ ತಂಡದ ಮಾಜಿ ಸಹಾಯಕ ಕೋಚ್' ಅಂತ. ಮೂರು ತಿಂಗಳ ಫೀಸು ಮುಂಗಡ. ಐದನೇ ತಿಂಗಳಿಗೆ ಹುಡುಗನಿಗೆ ಸೊಂಟದ ಮೇಲ್ಭಾಗದಲ್ಲಿ ನೋವು ಶುರುವಾಯ್ತು. ಡಾಕ್ಟರು ಸ್ಕ್ಯಾನ್ ನೋಡಿ, ಬೆನ್ನುಮೂಳೆಗೆ ಒತ್ತಡ ಬಿದ್ದಿದೆ, ಮೂರು ತಿಂಗಳು ಚೆಂಡು ಮುಟ್ಟೋ ಹಾಗಿಲ್ಲ ಅಂದ್ರು. ಆಮೇಲೆ ವಿಚಾರಿಸಿದಾಗ ಗೊತ್ತಾಯ್ತು: ಆ ಕೋಚ್ ಚಾಂಪಿಯನ್ ತಂಡದ ಜೊತೆ ಇದ್ದಿದ್ದು ಒಂದು ತಿಂಗಳ ಶಿಬಿರಕ್ಕೆ, ಫೀಲ್ಡಿಂಗ್ ಅಭ್ಯಾಸಕ್ಕೆ ಚೆಂಡು ಹೊಡೆದುಕೊಡೋಕೆ. ಬೌಲಿಂಗ್‌ಗೂ ಅವರಿಗೂ ಸಂಬಂಧವೇ ಇರಲಿಲ್ಲ.

"ಏನ್ ಮಾಡೂದು ಹೇಳಪಾ, ಬೋರ್ಡಿನ ಮ್ಯಾಲ ಅಷ್ಟ್ ದೊಡ್ಡದಾಗಿ ಬರದಿದ್ರು" ಅಂದ ಗೆಳೆಯ.

ಬ್ಯಾನರ್‌ನಲ್ಲಿ ಬರೆದಿದ್ದು ಪೂರ್ತಿ ಸುಳ್ಳೂ ಅಲ್ಲ, ಅದೇ ತೊಂದರೆ. ನಾವು ಐಟಿಯವರಿಗೆ ಇದು ಹೊಸದಾ? 'ದೊಡ್ಡ ಬ್ಯಾಂಕಿನ ಮೈಗ್ರೇಷನ್ ಪ್ರಾಜೆಕ್ಟ್ ಯಶಸ್ವಿಯಾಗಿ ಮುಗಿಸಿದ ತಂಡದ ಸದಸ್ಯ' ಅಂತ ರೆಸ್ಯೂಮೆ ನೋಡಿದ ತಕ್ಷಣ ನಾವು ಕೇಳೋ ಮೊದಲ ಪ್ರಶ್ನೆ, ಅದರಲ್ಲಿ ನೀವು ಮಾಡಿದ್ದೇನು ಅಂತ. ಮಕ್ಕಳ ಕೋಚ್ ಎದುರು ನಿಂತಾಗ ಮಾತ್ರ ಆ ಪ್ರಶ್ನೆ ಬಾಯಿಗೆ ಬರಲ್ಲ, ಯಾಕೋ.

ಈ ಪ್ರಶ್ನೆಯನ್ನ ಜಗತ್ತಿನಲ್ಲಿ ಅತಿ ಹೆಚ್ಚು ತಲೆ ಕೆಡಿಸಿಕೊಂಡು ಕೇಳೋ ಜಾಗ ಅಂದ್ರೆ ಅಮೆರಿಕನ್ ಫುಟ್‌ಬಾಲ್. ಅಮೆರಿಕದ ಕ್ಲೈಂಟ್ ಇರೋರಿಗೆ ಸೋಮವಾರ ಸಂಜೆಯ ಕಾಲ್ ಗೊತ್ತಲ್ಲ, ಮೊದಲ ಹತ್ತು ನಿಮಿಷ ಹಿಂದಿನ ದಿನದ ಪಂದ್ಯದ್ದೇ ಮಾತು. ಕೋಆರ್ಡಿನೇಟರ್‌ನ ತೆಗೀಬೇಕು, ಲೈನ್ ಕೋಚ್ ಸರಿ ಇಲ್ಲ... ನಾವು ಮ್ಯೂಟ್ ಹಾಕ್ಕೊಂಡು ಟೀ ಕುಡೀತೀವಿ. ನಾನು ಕೇಳ್ತಾ ಕೇಳ್ತಾ ಆಸಕ್ತಿ ಬೆಳೆಸ್ಕೊಂಡೆ.

ಎನ್‌ಎಫ್‌ಎಲ್ ತಂಡದಲ್ಲಿ 53 ಆಟಗಾರರು. ಕೋಚ್‌ಗಳೇ ಇಪ್ಪತ್ತರ ಆಸುಪಾಸು ಇರ್ತಾರೆ. ಮೇಲೆ ಹೆಡ್ ಕೋಚ್. ಅವರ ಕೆಳಗೆ ದಾಳಿಗೆ ಒಬ್ಬ, ರಕ್ಷಣೆಗೆ ಒಬ್ಬ, ಕಿಕ್ ಮುಂತಾದವಕ್ಕೆ ಒಬ್ಬ ಕೋಆರ್ಡಿನೇಟರ್. ಅವರ ಕೆಳಗೆ ಒಂದೊಂದು ಸ್ಥಾನಕ್ಕೂ ಒಬ್ಬೊಬ್ಬ ಕೋಚ್. ತೀರಾ ಕೆಳಗೆ 'ಕ್ವಾಲಿಟಿ ಕಂಟ್ರೋಲ್ ಕೋಚ್', ಅಂದ್ರೆ ರಾತ್ರಿಯೆಲ್ಲಾ ಕೂತು ಎದುರಾಳಿಯ ವಿಡಿಯೋ ಕತ್ತರಿಸಿ ವಿಂಗಡಿಸೋ ಹುಡುಗ. ನಮ್ಮ ಡೆಲಿವರಿ ಹೆಡ್, ಟೆಕ್ ಲೀಡ್, ಮಾಡ್ಯೂಲ್ ಲೀಡ್, ಟ್ರೇನಿ ಇದ್ದ ಹಾಗೆ ಅನ್ಕೊಳ್ಳಿ. ಹುದ್ದೆ ಹೆಸರುಗಳ ಉಬ್ಬರವೂ ಅಲ್ಲಿದೆ. 2020ರಲ್ಲಿ ನಿಯಮ ಬದಲಾಗೋ ತನಕ, ಒಪ್ಪಂದದಲ್ಲಿರೋ ಸಹಾಯಕನನ್ನ ಬೇರೆ ತಂಡ ಕೋಆರ್ಡಿನೇಟರ್ ಆಗಿ ಕರೆದರೂ ತಂಡ ತಡೀಬಹುದಿತ್ತು. ತಡೆದು, ಸಮಾಧಾನಕ್ಕೆ ಒಂದು ಉದ್ದನೆಯ ಹುದ್ದೆ ಹೆಸರು ಕೊಡೋದು. ಇದನ್ನ ಓದಿ ನಕ್ಕವರೆಲ್ಲ ಅಪ್ರೈಸಲ್ ನೋಡಿದವರೇ.

ಎರಿಕ್ ಬಿಯೆನಿಮಿ ಅನ್ನೋವ್ರ ಕಥೆ ಕೇಳಿ. 2018ರಿಂದ 2022ರ ಸೀಸನ್‌ವರೆಗೆ ಕನ್ಸಾಸ್ ಸಿಟಿ ಚೀಫ್ಸ್‌ನ ದಾಳಿ ಕೋಆರ್ಡಿನೇಟರ್. ಆ ಅವಧಿಯಲ್ಲಿ ತಂಡ ಎರಡು ಸೂಪರ್ ಬೌಲ್ ಗೆಲ್ತು. ಹೆಡ್ ಕೋಚ್ ಕೆಲಸಕ್ಕೆ ಒಂದು ಡಜನ್‌ಗೂ ಹೆಚ್ಚು ಸಂದರ್ಶನ ಕೊಟ್ರು, ಒಂದೂ ಸಿಗಲಿಲ್ಲ. ಮತ್ತೆ ಮತ್ತೆ ಕೇಳಿಬಂದ ಕಾರಣ ಒಂದೇ: ಪಂದ್ಯದಲ್ಲಿ ಯಾವ ಆಟ ಆಡಬೇಕು ಅಂತ ಹೇಳ್ತಿದ್ದವರು ಹೆಡ್ ಕೋಚ್ ಆಂಡಿ ರೀಡ್, ಇವರಲ್ಲ. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಅದೇ ರೀಡ್ ಕೆಳಗೆ ಅದೇ ಕುರ್ಚಿಯಲ್ಲಿ ಮುಂಚೆ ಕೂತಿದ್ದ ಡಗ್ ಪೀಡರ್‌ಸನ್, ಮ್ಯಾಟ್ ನ್ಯಾಗಿ ಇಬ್ಬರೂ ಅಲ್ಲಿಂದಲೇ ನೇರ ಹೆಡ್ ಕೋಚ್ ಆದವರು. ಇನ್ನೂ ತಮಾಷೆ ಅಂದ್ರೆ, ಸ್ವತಃ ರೀಡ್ 1999ರಲ್ಲಿ ಫಿಲಡೆಲ್ಫಿಯಾದ ಹೆಡ್ ಕೋಚ್ ಆದಾಗ ಎನ್‌ಎಫ್‌ಎಲ್‌ನಲ್ಲಿ ಕೋಆರ್ಡಿನೇಟರ್ ಆಗಿಯೇ ಇರಲಿಲ್ಲ, ಗ್ರೀನ್ ಬೇಯಲ್ಲಿ ಕ್ವಾರ್ಟರ್‌ಬ್ಯಾಕ್ ಕೋಚ್ ಆಗಿದ್ರು ಅಷ್ಟೆ. ಪೀಡರ್‌ಸನ್, ನ್ಯಾಗಿ ಇಬ್ಬರೂ ಬಿಳಿಯರು, ಬಿಯೆನಿಮಿ ಕಪ್ಪು ವರ್ಣದವರು. ಅಲ್ಪಸಂಖ್ಯಾತ ಸಮುದಾಯದ ಅಭ್ಯರ್ಥಿಗಳನ್ನೂ ಸಂದರ್ಶನಕ್ಕೆ ಕರೆಯಲೇಬೇಕು ಅನ್ನೋ ರೂನಿ ನಿಯಮ 2003ರಿಂದ ಇದೆ. ಕರೆಯೋದು ಕಡ್ಡಾಯ, ಕೊಡೋದಲ್ಲ. 2023ರಲ್ಲಿ ವಾಷಿಂಗ್ಟನ್‌ಗೆ ಹೋಗಿ ಬಿಯೆನಿಮಿ ತಾವೇ ಆಟ ನಿರ್ಧರಿಸಿದ್ರು, ತಂಡ 17ರಲ್ಲಿ 4 ಪಂದ್ಯ ಗೆದ್ದಿತು. ಹಾಗಾದ್ರೆ ಅನುಮಾನ ಪಟ್ಟವರು ಸರಿಯಾ? ಒಂದು ವರ್ಷ, ಬೇರೆ ಕ್ವಾರ್ಟರ್‌ಬ್ಯಾಕ್, ಸೋಲ್ತಿದ್ದ ತಂಡ. ನನಗಂತೂ ಅಷ್ಟರಿಂದ ತೀರ್ಪು ಕೊಡೋಕೆ ಧೈರ್ಯ ಇಲ್ಲ. 'ಯಾರು ಮಾಡಿದ್ದು' ಅನ್ನೋ ಪ್ರಶ್ನೆ ಒಳ್ಳೇದೇ, ಎಲ್ಲರಿಗೂ ಒಂದೇ ತಕ್ಕಡಿಯಲ್ಲಿ ಕೇಳಿದ್ರೆ ಮಾತ್ರ.

ಇನ್ನೂ ಸ್ವಚ್ಛವಾದ ಲೆಕ್ಕ ಬೇಕಾ? ಡಾಂಟೆ ಸ್ಕಾರ್ನೆಕಿಯಾ ನೋಡಿ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಆಕ್ರಮಣ ಸಾಲಿನ ಕೋಚ್. ಕ್ವಾರ್ಟರ್‌ಬ್ಯಾಕ್ ಎದುರು ಗೋಡೆ ಥರ ನಿಲ್ಲೋ ಐದು ದಢೂತಿ ಆಟಗಾರರಿದ್ದಾರಲ್ಲ, ಅವರನ್ನ ತಿದ್ದೋದು ಅವರ ಕೆಲಸ. 2013ರ ಸೀಸನ್ ಮುಗಿಸಿ ನಿವೃತ್ತರಾದ್ರು. 2015ರ ಸೀಸನ್‌ನಲ್ಲಿ ಪೇಟ್ರಿಯಟ್ಸ್ ಕ್ವಾರ್ಟರ್‌ಬ್ಯಾಕ್ 38 ಸಲ ಚೆಂಡು ಕೈಯಲ್ಲಿರುವಾಗಲೇ ನೆಲಕ್ಕೆ ಬಿದ್ರು. 2016ರ ಜನವರಿಯಲ್ಲಿ ಡೆನ್ವರ್‌ನಲ್ಲಿ ಟಾಮ್ ಬ್ರೇಡಿಗೆ ಬಿದ್ದ ಏಟು ನೋಡಿದವರು ಮರೆತಿರಲ್ಲ. ಆ ಪಂದ್ಯ ಸೋತ ಮೇಲೆ ಅರವತ್ತೆಂಟರ ಅಂಚಿನಲ್ಲಿದ್ದ ಸ್ಕಾರ್ನೆಕಿಯಾರನ್ನ ವಾಪಸ್ ಕರೆಸಿದ್ರು. ಮುಂದಿನ ಸೀಸನ್‌ನಲ್ಲಿ 38 ಇದ್ದಿದ್ದು 24ಕ್ಕೆ ಇಳೀತು, ತಂಡ ಸೂಪರ್ ಬೌಲ್ ಗೆಲ್ತು. ಗಾಯಗೊಂಡಿದ್ದ ನೇಟ್ ಸೋಲ್ಡರ್ ಸಾಲಿಗೆ ವಾಪಸಾಗಿದ್ದೂ ಒಂದು ಕಾರಣ, ಅದನ್ನ ಕಳೀಬೇಕು. ಆದರೂ ಹೋದಾಗ ಏನಾಯ್ತು, ಬಂದಾಗ ಏನಾಯ್ತು ಅಂತ ಎರಡೂ ಕಡೆ ನೋಡೋ ಅವಕಾಶ ಎಷ್ಟು ಕೋಚ್‌ಗಳ ವಿಷಯದಲ್ಲಿ ಸಿಗುತ್ತೆ?

ಡಿಕ್ ಲೆಬೋ ಬಗ್ಗೆ ಒಂದೇ ಮಾತು. ರಕ್ಷಣೆಯ ದೊಡ್ಡ ತಲೆ. ಸಿನ್ಸಿನಾಟಿಯಲ್ಲಿ ಹೆಡ್ ಕೋಚ್ ಆಗಿ 45 ಪಂದ್ಯಗಳಲ್ಲಿ ಗೆದ್ದಿದ್ದು 12. ಮತ್ತೆ ಪಿಟ್ಸ್‌ಬರ್ಗ್‌ಗೆ ಬಂದು ರಕ್ಷಣೆ ನೋಡ್ಕೊಂಡಾಗ ಎರಡು ಸೂಪರ್ ಬೌಲ್. ಒಳ್ಳೇ ಡೆವಲಪರ್‌ನ ಮ್ಯಾನೇಜರ್ ಮಾಡಿ ಇಬ್ಬರನ್ನೂ ಕಳ್ಕೊಳ್ಳೋ ಆಫೀಸ್ ಕಥೆ ನೆನಪಾದ್ರೆ ಅದು ನಿಮ್ಮ ಹಣೆಬರಹ.

ಈಗ ನಮ್ಮ ಕ್ರಿಕೆಟ್‌ಗೆ ಬರೋಣ. 2019ರಲ್ಲಿ ಬಿಸಿಸಿಐ ಭಾರತ ತಂಡದ ಕೋಚ್‌ಗಳಿಗೆ ಅರ್ಜಿ ಕರೀತು. ಹೆಡ್ ಕೋಚ್ ಆಗೋಕೆ 30 ಟೆಸ್ಟ್ ಅಥವಾ 50 ಏಕದಿನ ಆಡಿರಬೇಕು, ಬ್ಯಾಟಿಂಗ್, ಬೌಲಿಂಗ್, ಫೀಲ್ಡಿಂಗ್ ಕೋಚ್‌ಗಳಾದ್ರೆ 10 ಟೆಸ್ಟ್ ಅಥವಾ 25 ಏಕದಿನ. ಬ್ಯಾಟಿಂಗ್ ಕೋಚ್ ಆಗಿ ಬಂದವರು ವಿಕ್ರಮ್ ರಾಠೋಡ್: 6 ಟೆಸ್ಟ್, 7 ಏಕದಿನ. ಫೀಲ್ಡಿಂಗ್ ಕೋಚ್ ಆಗಿ ಮುಂದುವರಿದವರು ಮೈಸೂರಿನಲ್ಲಿ ಹುಟ್ಟಿ ಹೈದರಾಬಾದ್‌ಗೆ ಆಡಿದ ಆರ್. ಶ್ರೀಧರ್: ಪ್ರಥಮ ದರ್ಜೆ ಪಂದ್ಯ 35, ಭಾರತಕ್ಕೆ ಸೊನ್ನೆ. ಅವರ ನಂತರ 2021ರಲ್ಲಿ ಬಂದ ಟಿ. ದಿಲೀಪ್ ಪ್ರಥಮ ದರ್ಜೆಯನ್ನೂ ಆಡಿದವರಲ್ಲ. ಆಡಿದ ಲೆಕ್ಕವೊಂದನ್ನೇ ಹಿಡಿದಿದ್ರೆ ಮೂವರೂ ಬಾಗಿಲ ಹೊರಗೆ.

ಆದರೆ ನನಗೆ ಅತಿ ಇಷ್ಟದ ಉದಾಹರಣೆ ಕುಮಟಾದ ರಾಘವೇಂದ್ರ, ನಮ್ಮ ರಘು. ಕ್ರಿಕೆಟ್ ಆಡ್ತೀನಿ ಅಂತ ಮನೆ ಬಿಟ್ಟು ಹುಬ್ಬಳ್ಳಿಗೆ ಬಂದು, ಇರೋಕೆ ಜಾಗ ಇಲ್ಲದೆ ಬಸ್ ನಿಲ್ದಾಣದಲ್ಲಿ, ಆಮೇಲೆ ಸ್ಮಶಾನದಲ್ಲಿ ಮಲಗಿದ ಕಥೆ ಪತ್ರಿಕೆಗಳಲ್ಲಿ ಬಂದಿದೆ. ಬಲಗೈ ಮುರಿದು ಆಡೋ ಆಸೆ ಮುಗೀತು. ಬೆಂಗಳೂರಿಗೆ ಹೋಗಿ ನೆಟ್ಸ್‌ನಲ್ಲಿ ಬ್ಯಾಟ್ಸ್‌ಮನ್‌ಗಳಿಗೆ ಚೆಂಡು ಎಸೆದು ಕೊಡೋ ಕೆಲಸ ಹಿಡಿದ್ರು. ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ದಾಟಿ, 2011ರ ಹೊತ್ತಿಗೆ ಭಾರತ ತಂಡದ ಜೊತೆ. ಉದ್ದನೆಯ ಚಮಚದಂಥ ಒಂದು ಸಾಧನ ಇದೆ, ಸೈಡ್‌ಆರ್ಮ್ ಅಂತಾರೆ. ಅದರಲ್ಲಿ ಚೆಂಡಿಟ್ಟು ಬೀಸಿದ್ರೆ ಗಂಟೆಗೆ 150 ಕಿ.ಮೀ. ಮೀರೋ ವೇಗ. 2013ರಿಂದ ಈಚೆ ತಂಡ ವೇಗದ ಬೌಲಿಂಗ್ ಎದುರಿಸೋದರಲ್ಲಿ ಸುಧಾರಿಸಿದ್ದಕ್ಕೆ ರಘು ಕಾರಣ ಅಂತ ವಿರಾಟ್ ಕೊಹ್ಲಿ 2020ರಲ್ಲಿ ಹೇಳಿದ್ರು. 2022ರ ನವೆಂಬರ್‌ನಲ್ಲಿ ಅಡಿಲೇಡ್‌ನ ಬಾಂಗ್ಲಾದೇಶ ಪಂದ್ಯದಲ್ಲಿ ಮಳೆ ಬಂದಾಗ, ಆಟಗಾರರು ಜಾರಿ ಬೀಳಬಾರದು ಅಂತ ಕೈಯಲ್ಲಿ ಬ್ರಶ್ ಹಿಡ್ಕೊಂಡು ಬೌಂಡರಿ ಸುತ್ತ ಓಡಾಡಿ ಶೂ ಕೆಸರು ತೆಗೀತಿದ್ದವರೂ ಇವರೇ.

ರಘು ಬಳಿ ತೋರಿಸೋಕೆ ದೊಡ್ಡ ಆಟದ ದಾಖಲೆ ಇಲ್ಲ. ಹುದ್ದೆಯೂ 'ಕೋಚ್' ಅಲ್ಲ, ಥ್ರೋಡೌನ್ ಸ್ಪೆಷಲಿಸ್ಟ್. ಆದರೆ ಅವರು ಏನು ಮಾಡ್ತಾರೆ ಅಂತ ಒಂದೇ ವಾಕ್ಯದಲ್ಲಿ ಹೇಳಬಹುದು, ಅದರ ಫಲ ಏನು ಅಂತ ಅದನ್ನ ಎದುರಿಸಿದ ಬ್ಯಾಟ್ಸ್‌ಮನ್‌ಗಳೇ ಹೇಳ್ತಾರೆ. ಗೆಳೆಯನ ಬ್ಯಾನರ್ ಕೋಚ್‌ಗೆ ಇವೆರಡೂ ಇರಲಿಲ್ಲ.

ಎಲ್ಲಾ ಸಲ ಇಷ್ಟು ಸಲೀಸಾಗಿ ಬಿಡಿಸೋಕೂ ಆಗಲ್ಲ ಅನ್ನಿ. ಕರ್ನಾಟಕ 2013-14, 2014-15 ಎರಡೂ ಸೀಸನ್ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದಾಗ ಕೋಚ್ ಜೆ. ಅರುಣ್ ಕುಮಾರ್, ಬೌಲಿಂಗ್ ನೋಡ್ಕೊಂಡವರು ಮನ್ಸೂರ್ ಅಲಿ ಖಾನ್. ವಿನಯ್ ಕುಮಾರ್, ಮಿಥುನ್, ರಾಹುಲ್, ಉತ್ತಪ್ಪ, ಮನೀಶ್ ಪಾಂಡೆ ಇದ್ದ ತಂಡ ಅದು. ಯಾರಿಗೆ ಎಷ್ಟು ಪಾಲು? ಚಿನ್ನಸ್ವಾಮಿಯಲ್ಲಿ ಕೂತು ಇದನ್ನ ಚರ್ಚೆ ಮಾಡಿದ್ರೆ ಊಟದ ಹೊತ್ತು ಮೀರುತ್ತೆ.

ಪೀತಮ್‌ಪುರಕ್ಕೆ ವಾಪಸ್. ಈ ಕಡೆ ಬ್ಯಾನರ್‌ಗಳಲ್ಲಿ ಇನ್ನೊಂದು ಪದ ಹೆಚ್ಚು ಕಾಣುತ್ತೆ, 'ಎನ್‌ಐಎಸ್ ಕೋಚ್'. ಪಟಿಯಾಲದ ಆ ಸಂಸ್ಥೆ 1961ರದ್ದು, ಒಳ್ಳೇ ಹೆಸರಿದೆ. ಆದರೆ ಅಲ್ಲಿ ಒಂದು ವರ್ಷದ ಡಿಪ್ಲೊಮಾನೂ ಇದೆ, ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಬ್ಯಾನರ್ ಮೇಲೆ ಎರಡೂ ಒಂದೇ ಥರ ಕಾಣುತ್ತೆ. ಯಾವುದು ಅಂತ ಕೇಳಿ, ಕೇಳೋದರಲ್ಲಿ ಅವಮಾನ ಏನಿಲ್ಲ. ಆರು ವಾರದವರು ಕೆಟ್ಟ ಕೋಚ್ ಅಂತಲ್ಲ, ಒಂದು ವರ್ಷದ್ದು ಅಂತ ನೀವು ಅನ್ಕೊಂಡು ಸೇರಿಸಬಾರದು ಅಷ್ಟೆ. ಇನ್ನು ಕೊಹ್ಲಿಗೆ ನೆಟ್ಸ್‌ನಲ್ಲಿ ಬೌಲಿಂಗ್ ಮಾಡಿದ್ದೀನಿ ಅನ್ನೋರು ಪಶ್ಚಿಮ ದೆಹಲಿಯಲ್ಲಿ ಎಷ್ಟು ಜನ ಇದ್ದಾರೆ ಅಂದ್ರೆ, ಅವರೆಲ್ಲರೂ ನಿಜ ಹೇಳ್ತಿದ್ರೆ ಪಾಪ ಕೊಹ್ಲಿಗೆ ಊಟಕ್ಕೂ ಪುರುಸೊತ್ತು ಸಿಕ್ಕಿರಲ್ಲ.

ನಾನು ಗೆಳೆಯನಿಗೆ ಹೇಳಿದ್ದು, ಮೊದಲ ವಾರ ಫೀಸು ಕೊಡಬೇಡ, ಬೇಲಿ ಪಕ್ಕ ನಿಂತು ನೋಡು ಅಂತ. ವೇಗದ ಬೌಲರ್ ಹುಡುಗ ಎಷ್ಟು ಚೆಂಡು ಹಾಕಿದ ಅಂತ ಯಾರಾದ್ರೂ ಬರ್ಕೊಳ್ತಾರಾ? ಇಂಗ್ಲೆಂಡ್ ಕ್ರಿಕೆಟ್ ಮಂಡಳಿಯ ಮಾರ್ಗಸೂಚಿ ಬಹುಕಾಲದಿಂದ 13 ವರ್ಷದೊಳಗಿನ ವೇಗದ ಬೌಲರ್‌ಗೆ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10 ಓವರ್ ಅಂತ ಮಿತಿ ಇಟ್ಟಿದೆ. ನಮ್ಮ ಹುಡುಗ ಸೆಕೆಯಲ್ಲಿ ವಾರಕ್ಕೆ ಆರು ದಿನ, ಲೆಕ್ಕವೇ ಇಲ್ಲದೆ ಹಾಕ್ತಿದ್ದ. ಎರಡನೇದು, ಕೋಚ್ ಹತ್ರ ಎರಡು ವರ್ಷ ಉಳಿದ ಮಕ್ಕಳ ಅಪ್ಪ ಅಮ್ಮನ ಹತ್ರ ಮಾತಾಡು. ಆಯ್ಕೆಯಾದ ಒಬ್ಬ ಹುಡುಗನ ಫೋಟೋ ಎಲ್ಲರೂ ತೋರಿಸ್ತಾರೆ. ಆ ಹುಡುಗ ಇಲ್ಲಿಗೆ ಬಂದಾಗ ಹೇಗಿದ್ದ, ಬೇರೆ ಕಡೆ ತಯಾರಾಗಿ ಬಂದವನಾ, ಮಧ್ಯೆ ಬಿಟ್ಟು ಹೋದವರು ಯಾಕೆ ಹೋದ್ರು, ಇದನ್ನ ಕೇಳು.

ಮೂರು ತಿಂಗಳು ಅಂದಿದ್ದು ನಾಲ್ಕಾಯ್ತು. ಈಗ ಹುಡುಗ ಹತ್ತಿರದ ಪಾರ್ಕಿನಲ್ಲಿ ಹೇಳಿಕೊಡೋ ಇನ್ನೊಬ್ಬರ ಬಳಿ ಹೋಗ್ತಾನೆ. ವಯಸ್ಸಾದವರು, ಬ್ಯಾನರ್ ಇಲ್ಲ, ಕ್ಲಬ್ ಮಟ್ಟದಲ್ಲಿ ಆಡಿದವರು. ಮೊದಲ ದಿನ ಗೆಳೆಯ ನನ್ನನ್ನೂ ಕರ್ಕೊಂಡು ಹೋಗಿದ್ದ. ನಮಸ್ತೆ ಅಂದ ಮೇಲೆ ಅವರು ಕೇಳಿದ್ದು ಸ್ಕ್ಯಾನ್ ರಿಪೋರ್ಟ್. ಆಮೇಲೆ ಜೇಬಿಂದ ನೂರು ಪುಟದ ಸಣ್ಣ ನೋಟ್‌ಬುಕ್ ತೆಗೆದು ಹುಡುಗನ ಹೆಸರು ಬರೆದು, ಪಕ್ಕದಲ್ಲಿ 12 ಅಂತ ಹಾಕಿದ್ರು. ವಯಸ್ಸು ಅನ್ಕೊಂಡ್ವಿ. ಆ ದಿನ ಅವನು ಹಾಕಬಹುದಾದ ಚೆಂಡುಗಳ ಸಂಖ್ಯೆ ಅದು. ಹುಡುಗ ಮುಖ ಸಣ್ಣದು ಮಾಡ್ಕೊಂಡ, ಅಪ್ಪನಿಗೆ ಮಾತ್ರ ಬಹಳ ದಿನದ ಮೇಲೆ ಉಸಿರು ಬಂತು.

ಮುಂದಿನ ವಾರ ಸಿಗ್ತೀನಿ. ಕಬಾಡಿವಾಲ ಬರೋ ಮುಂಚೆ ರೆಕಾರ್ಡ್ ಮಾಡೋ ಪ್ರಯತ್ನ ಇದೆ.