ಕರೆಂಟ್ ಹೋದಾಗ ಕೇಳಿಸಿದ ಸದ್ದು

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಬಡಾವಣೆಯಲ್ಲಿ ಕರೆಂಟ್ ಹೋಯ್ತು. ಫ್ಯಾನ್ ನಿಂತಿತು, ಫ್ರಿಜ್ ಸುಮ್ಮನಾಯಿತು, ಪಕ್ಕದ ಮನೆ ಟಿವಿಯೂ ಬಾಯಿ ಮುಚ್ಚಿತು. ಒಂದು ಸದ್ದು ಮಾತ್ರ ನಿಲ್ಲಲಿಲ್ಲ. ಸಣ್ಣಗೆ, ಒಂದೇ ಸಮನೆ 'ಕೀ...' ಅಂತ. ಯುಪಿಎಸ್ ಇರಬೇಕು ಅಂದುಕೊಂಡು ಎದ್ದು ಹೋಗಿ ಆಫ್ ಮಾಡಿದೆ. ನಿಲ್ಲಲಿಲ್ಲ. ವೈಫೈ ರೂಟರಿನ ವೈರ್ ಕಿತ್ತೆ. ಊಹುಂ. ಕೊನೆಗೆ ಹೆಂಡತಿಯನ್ನು ಎಬ್ಬಿಸಿ, "ಏನೋ ಕೀ ಅಂತಿದೆ ಅಲ್ವಾ?" ಅಂದೆ. ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, "ಏನೂ ಇಲ್ಲ ರೀ, ಮಲ್ಕೊಳ್ಳಿ" ಅಂದಳು.

ಸದ್ದು ಮನೆಯಲ್ಲಿರಲಿಲ್ಲ. ನನ್ನ ಕಿವಿಯೊಳಗಿತ್ತು.

ವಾರದ ನಂತರ ಕಿವಿ ಪರೀಕ್ಷೆಗೆ ಹೋದೆ. ಸದ್ದೇ ನುಗ್ಗದ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, 'ಬೀಪ್ ಕೇಳಿಸಿದಾಗ ಬಟನ್ ಒತ್ತಿ' ಅಂದರು. ಹೊರಗೆ ಬಂದಾಗ ಕೈಗೆ ಒಂದು ಗ್ರಾಫ್ ಬಂತು. 2,000 ಹರ್ಟ್ಸ್‌ವರೆಗೆ ಗೆರೆ ನೆಟ್ಟಗಿತ್ತು. 4,000ದ ಹತ್ತಿರ ದಿಢೀರನೆ ಗುಂಡಿಗೆ ಬಿದ್ದಂತೆ ಕೆಳಗಿಳಿದು, 8,000ದಲ್ಲಿ ಮತ್ತೆ ಮೇಲೆದ್ದಿತ್ತು.

"ದಿನಕ್ಕೆ ಎಷ್ಟು ಗಂಟೆ ಇಯರ್‌ಫೋನ್ ಹಾಕ್ತೀರಾ?"

"ಆರು... ಎಂಟು ಇರಬಹುದು." ಮೀಟಿಂಗ್, ಮೆಟ್ರೊ, ಜಿಮ್, ಆಮೇಲೆ ನಿದ್ದೆ ಬರಲಿ ಅಂತ ಇನ್ನೊಂದಿಷ್ಟು.

"ಮನೇಲಿ ಬೇರೆ ಯಾರಿಗಾದರೂ ಕಿವಿ ಮಂದ ಇದೆಯಾ?"

"ಅಪ್ಪನಿಗೆ. ಆದರೆ ಅದು ವಯಸ್ಸಿಂದ" ಅಂದೆ.

ಯಾವಾಗ ಸರಿಹೋಗುತ್ತೆ ಅಂತ ಕೇಳಿದ್ದಕ್ಕೆ ವೈದ್ಯರು, "ಹೋಗಿದ್ದು ವಾಪಸ್ ಬರಲ್ಲ. ಇನ್ನೂ ಹೋಗದ ಹಾಗೆ ನೋಡ್ಕೊಳ್ಳಿ" ಅಂದರು. ನನಗೆ ಮೂವತ್ತು ವರ್ಷ. ಚರ್ಮ ಕಿತ್ತರೆ ಬೆಳೆಯುತ್ತೆ, ಮೂಳೆ ಮುರಿದರೆ ಕೂಡುತ್ತೆ. ಇದು ಮಾತ್ರ ಯಾಕೆ ಬರಲ್ಲ? ಆ 'ಯಾಕೆ'ಯ ಬೆನ್ನು ಹತ್ತಿ ತಿಂಗಳುಗಟ್ಟಲೆ ಓದಿದೆ. ಒಂದು ಸಬ್ಜೆಕ್ಟ್‌ನಿಂದ ಉತ್ತರ ಸಿಗಲಿಲ್ಲ. ಗಣಿತ, ಧ್ವನಿಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ನಾಲ್ಕೂ ಬೇಕಾದವು.

ಶಾಖದ ಲೆಕ್ಕದಲ್ಲಿ ಸಿಕ್ಕ ಸೂತ್ರ

ಇಂಜಿನಿಯರಿಂಗ್ ಓದಿದವರಿಗೆಲ್ಲ ಫೂರಿಯೆ ಹೆಸರು ಕೇಳಿದರೆ ಎಂ-3 ಪೇಪರ್ ನೆನಪಾಗುತ್ತೆ. ನಾನೂ ಮಾರ್ಕ್ಸ್‌ಗೋಸ್ಕರ ಉರು ಹೊಡೆದವನೇ. ಫ್ರಾನ್ಸಿನ ಜೋಸೆಫ್ ಫೂರಿಯೆ 1807ರಲ್ಲಿ ತಲೆ ಕೆಡಿಸಿಕೊಂಡಿದ್ದು ಸದ್ದಿನ ಬಗ್ಗೆ ಅಲ್ಲ, ಲೋಹದಲ್ಲಿ ಶಾಖ ಹೇಗೆ ಹರಡುತ್ತೆ ಅನ್ನುವ ಬಗ್ಗೆ. ಎಂಥ ಅಡ್ಡಾದಿಡ್ಡಿ ಅಲೆಯನ್ನಾದರೂ ಸರಳ ಅಲೆಗಳ ಮೊತ್ತವಾಗಿ ಬಿಡಿಸಬಹುದು ಅಂತ ಆತ ಹೇಳಿದಾಗ ಲಗ್ರಾಂಜ್‌ನಂಥ ದೊಡ್ಡ ಗಣಿತಜ್ಞರೇ ಒಪ್ಪಲಿಲ್ಲ. ಅದು ಪುಸ್ತಕವಾಗಿ ಬರುವಾಗ 1822 ಆಗಿತ್ತು.

ಇದಕ್ಕೂ ಕಿವಿಗೂ ಏನು ಸಂಬಂಧ? ಒಂದು ಕಛೇರಿಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಪಿಟೀಲು, ಮೃದಂಗ, ಹಿಂದಿನ ಸಾಲಿನವರ ಕೆಮ್ಮು ಎಲ್ಲ ಕಲಸಿಕೊಂಡು ಒಂದೇ ಗಾಳಿಯ ಅಲೆಯಾಗಿ ಕಿವಿಗೆ ಬಡಿಯುತ್ತೆ. ಕಿವಿತಮಟೆಗೆ ಒಳಗೆ ಹೊರಗೆ ಅಲುಗಾಡುವುದು ಬಿಟ್ಟು ಬೇರೇನೂ ಗೊತ್ತಿಲ್ಲ. ಆದರೂ ನಮಗೆ ಪಿಟೀಲೇ ಬೇರೆ, ಕೆಮ್ಮೇ ಬೇರೆಯಾಗಿ ಕೇಳಿಸುತ್ತೆ. ಅಂದರೆ ಒಳಗೆ ಎಲ್ಲೋ ಆ ಅಲೆಯನ್ನು ಬಿಡಿಸುವ ಕೆಲಸ ನಡೆಯುತ್ತಿರಲೇಬೇಕು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ತನ್ನ ಪುಸ್ತಕದಲ್ಲಿ ಇದನ್ನೇ ವಾದಿಸಿದ: ಒಳಕಿವಿಯಲ್ಲಿ ಪಿಯಾನೊ ತಂತಿಗಳಂತೆ ಒಂದೊಂದು ಸ್ವರಕ್ಕೂ ಒಂದೊಂದು ಜಾಗ ಮಿಡಿಯುತ್ತದೆ.

ಟೆಲಿಫೋನ್ ಇಂಜಿನಿಯರ್ ಕಂಡ ಅಲೆ

ಅದನ್ನು ಕಣ್ಣಾರೆ ನೋಡಿದವನು ಡಾಕ್ಟರ್ ಅಲ್ಲ, ನಮ್ಮ ಹಾಗೇ ಒಬ್ಬ ಇಂಜಿನಿಯರ್. ಗೇಯೊರ್ಗ್ ಫಾನ್ ಬೇಕೆಶಿ ಬುಡಾಪೆಸ್ಟ್‌ನಲ್ಲಿ ಹಂಗೇರಿ ಅಂಚೆ ಇಲಾಖೆಯ ಟೆಲಿಫೋನ್ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ. ಫೋನನ್ನು ಸುಧಾರಿಸಬೇಕೆಂದರೆ ಕೊನೆಗೆ ಅದನ್ನು ಕೇಳುವ ಕಿವಿ ಎಷ್ಟು ಚೆನ್ನಾಗಿದೆ ಅಂತ ಗೊತ್ತಿರಬೇಕಲ್ಲ? ಹಾಗೆ ಶುರುವಾಯಿತು. ಸತ್ತವರ ಒಳಕಿವಿಯನ್ನು ನಾಜೂಕಾಗಿ ತೆರೆದು, ಮೇಲೆ ಬೆಳ್ಳಿಯ ಕಣಗಳನ್ನು ಉದುರಿಸಿ, ಮಿಣುಕುವ ಬೆಳಕಿನಲ್ಲಿ ಸೂಕ್ಷ್ಮದರ್ಶಕದಿಂದ ನೋಡಿದ.

ಒಳಕಿವಿ ಬಸವನ ಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿದೆ. ಬಿಡಿಸಿದರೆ 35 ಮಿಲಿಮೀಟರ್ ಆಸುಪಾಸು. ಅದರ ಉದ್ದಕ್ಕೂ ಒಂದು ಪೊರೆ. ಒಗೆದ ಸೀರೆಯನ್ನು ಒಂದು ತುದಿ ಹಿಡಿದು ಕೊಡವಿದಾಗ ಅಲೆ ಓಡುತ್ತಲ್ಲ, ಹಾಗೆ ಸದ್ದು ಬಂದಾಗ ಈ ಪೊರೆಯ ಮೇಲೆ ಅಲೆ ಓಡುವುದನ್ನು ಬೇಕೆಶಿ ಕಂಡ. ಬಾಗಿಲ ಬಳಿ ಪೊರೆ ಸಪೂರ, ಬಿಗಿ. ಅಲ್ಲಿ ಕೀರಲು ಸ್ವರಗಳ ಅಲೆ ಎತ್ತರಕ್ಕೇರುತ್ತದೆ. ತುದಿಯಲ್ಲಿ ಅಗಲ, ಸಡಿಲ. ಅಲ್ಲಿ ತಗ್ಗಿನ ಸ್ವರಗಳು. ಪೊರೆಯ ಯಾವ ಜಾಗ ಹೆಚ್ಚು ಕುಣಿಯಿತು ಅನ್ನುವುದೇ ಯಾವ ಸ್ವರ ಅನ್ನುವುದರ ಉತ್ತರ. 1961ರಲ್ಲಿ ಈ ಟೆಲಿಫೋನ್ ಇಂಜಿನಿಯರ್‌ಗೆ ವೈದ್ಯಕೀಯದ ನೊಬೆಲ್ ಸಿಕ್ಕಿತು.

ನನ್ನ ಗ್ರಾಫ್‌ನ ಗುಂಡಿ 4,000ದಲ್ಲೇ ಯಾಕಿತ್ತು ಅನ್ನುವುದಕ್ಕೆ ಪಿಯುಸಿ ಫಿಸಿಕ್ಸ್ ಸಾಕು. ಪೆನ್ನಿನ ಕ್ಯಾಪ್ ಊದಿದರೆ ಸೀಟಿ ಬರುತ್ತೆ. ಒಂದು ಕಡೆ ಮುಚ್ಚಿದ ಕೊಳವೆ ತನ್ನ ಉದ್ದದ ನಾಲ್ಕರಷ್ಟಿರುವ ಅಲೆಗೆ ದನಿಗೂಡಿಸುತ್ತೆ. ನಮ್ಮ ಕಿವಿಯ ಕೊಳವೆಯೂ ಹಾಗೇ, ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಅದರ ನಾಲ್ಕರಷ್ಟು ಹತ್ತು ಸೆಂಟಿಮೀಟರ್. ಸದ್ದಿನ ವೇಗ ಸೆಕೆಂಡಿಗೆ 340 ಮೀಟರ್. ಭಾಗಿಸಿದರೆ 3,400 ಹರ್ಟ್ಸ್. ಹೊರಗಿನ ಗದ್ದಲದಲ್ಲಿ ಆ ಭಾಗವೇ ಜೋರಾಗಿ ಒಳಹೋಗುತ್ತೆ, ಪೆಟ್ಟು ಅದಕ್ಕಿಂತ ತುಸು ಮೇಲಿನ ಸ್ವರಕ್ಕೆ ಬೀಳುತ್ತೆ. ಅದಕ್ಕೇ ಗದ್ದಲದಿಂದ ಕೆಟ್ಟ ಕಿವಿಗಳ ಗುಂಡಿ ಬಹುತೇಕ 3,000ದಿಂದ 6,000 ಹರ್ಟ್ಸ್ ನಡುವೆ ಇರುತ್ತೆ. 'ಸ', 'ಶ' ಥರದ ಅಕ್ಷರಗಳ ಸುಳಿವು ಹೆಚ್ಚಾಗಿರುವುದೂ ಈ ಮೇಲಿನ ಭಾಗದಲ್ಲೇ. ಒಮ್ಮೆ ಅಮ್ಮ ಫೋನಿನಲ್ಲಿ, "ಅಪ್ಪನಿಗೆ ಒಂದು ಶಾಲು ತಗೋಬೇಕಿತ್ತು" ಅಂದಿದ್ದು ನನಗೆ 'ಸಾಲ' ಅಂತ ಕೇಳಿಸಿ, "ನಾನಿಲ್ವಾ, ಯಾಕೆ ಸಾಲ?" ಅಂತ ರೇಗಿದ್ದೆ. ಎಲ್ಲರೂ ನಕ್ಕಿದ್ದೆವು.

ಉಪ್ಪುನೀರಿನ ಬ್ಯಾಟರಿ

ಪೊರೆ ಕುಣಿದರೆ ಮಿದುಳಿಗೆ ಸುದ್ದಿ ಹೇಗೆ ಮುಟ್ಟುತ್ತೆ? ಇಲ್ಲಿಂದ ರಸಾಯನಶಾಸ್ತ್ರದ ಕೆಲಸ. ಪೊರೆಯ ಮೇಲೆ ಸಾಲಾಗಿ ಕೂತ ರೋಮಕೋಶಗಳಿವೆ. ಒಂದೊಂದರ ನೆತ್ತಿಯ ಮೇಲೂ ಕೂದಲಿನಂಥ ಕುಚ್ಚು. ಅವು ಮೀಯುವ ದ್ರವ ವಿಚಿತ್ರದ್ದು. ಮೈಯಲ್ಲಿ ಬೇರೆಲ್ಲ ಕಡೆ ಜೀವಕೋಶಗಳ ಹೊರಗೆ ಸೋಡಿಯಂ ಹೆಚ್ಚಿದ್ದರೆ ಇಲ್ಲಿ ಪೊಟ್ಯಾಸಿಯಂ ಹೆಚ್ಚು. ಜೊತೆಗೆ ಸುಮಾರು 80 ಮಿಲಿವೋಲ್ಟ್ ವಿದ್ಯುತ್ ಒತ್ತಡ. ಸದಾ ಚಾರ್ಜ್ ಆಗಿರುವ ಪುಟ್ಟ ಬ್ಯಾಟರಿ ಅನ್ನಿ. ಕುಚ್ಚು ಬಾಗಿದಾಗ ಅದರ ತುದಿಗಳನ್ನು ಕಟ್ಟಿರುವ ಎಳೆಗಳು ಬಿಗಿದು, ಬಾಗಿಲು ತೆರೆದು, ಪೊಟ್ಯಾಸಿಯಂ ಒಳನುಗ್ಗುತ್ತೆ. ಅಲ್ಲಿಂದ ನರಕ್ಕೆ ಸಂದೇಶ ಹೋಗುತ್ತೆ.

ಇನ್ನೊಂದು ಸಂಗತಿ ಓದಿ ನಾನು ದಂಗಾದೆ. ಕಿವಿ ಬರೀ ಕೇಳುವುದಿಲ್ಲ, ಸದ್ದು ಮಾಡುತ್ತೆ ಕೂಡ! ಒಳಗೊಂದು ಆಂಪ್ಲಿಫೈಯರ್ ಇರಲೇಬೇಕು ಅಂತ ಥಾಮಸ್ ಗೋಲ್ಡ್ 1948ರಲ್ಲೇ ಹೇಳಿದ್ದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವತ್ತು ವರ್ಷದ ನಂತರ, 1978ರಲ್ಲಿ, ಲಂಡನ್‌ನ ಡೇವಿಡ್ ಕೆಂಪ್ ಕಿವಿಯೊಳಗೆ ಪುಟ್ಟ ಮೈಕ್ ಇಟ್ಟು, ಹೊರಗಿನಿಂದ ಟಕ್ ಅಂದಾಗ ಒಳಗಿನಿಂದ ಸಣ್ಣ ಮಾರುತ್ತರ ಬರುವುದನ್ನು ದಾಖಲಿಸಿದ. ಹೊರಸಾಲಿನ ರೋಮಕೋಶಗಳು ಸದ್ದಿಗೆ ತಕ್ಕಂತೆ ಹಿಗ್ಗಿ ಕುಗ್ಗಿ ಅಲೆಯನ್ನು ದೊಡ್ಡದು ಮಾಡುತ್ತವೆ. ಅದನ್ನು ಮಾಡಿಸುವ ಪ್ರೊಟೀನ್ 2000ದಲ್ಲಿ ಸಿಕ್ಕಿತು. ಸಂಗೀತದಲ್ಲಿ ಅತಿವೇಗಕ್ಕೆ ಹೇಳುವ 'ಪ್ರೆಸ್ಟೊ' ಪದದಿಂದ 'ಪ್ರೆಸ್ಟಿನ್' ಅಂತ ಹೆಸರಿಟ್ಟರು. ಸದ್ದಿನಿಂದಲೇ ದಾರಿ ಹುಡುಕುವ ಬಾವಲಿ ಮತ್ತು ಡಾಲ್ಫಿನ್‌ಗಳಲ್ಲಿ ಈ ಪ್ರೊಟೀನ್ ಬೇರೆ ಬೇರೆಯಾಗಿ ವಿಕಾಸಗೊಂಡೂ ಒಂದೇ ರೀತಿ ಬದಲಾಗಿದೆ. ಇವತ್ತು ಆಸ್ಪತ್ರೆಗಳಲ್ಲಿ ಮಲಗಿದ ಹಸುಗೂಸಿನ ಕಿವಿ ಪರೀಕ್ಷಿಸುವುದು ಕೆಂಪ್ ಕಂಡ ಆ ಮಾರುತ್ತರದಿಂದಲೇ. ಮಗು ಬಟನ್ ಒತ್ತಬೇಕಾಗಿಲ್ಲ, ಅದರ ಕಿವಿಯೇ ಉತ್ತರ ಕೊಡುತ್ತೆ.

ಕೋಳಿಗೆ ಸಿಕ್ಕಿದ್ದು ನಮಗಿಲ್ಲ

ಈಗ ನನ್ನ ಪ್ರಶ್ನೆಗೆ ಬರೋಣ. ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಕೋಟಿಗಟ್ಟಲೆ. ಒಂದು ಕಿವಿಯಲ್ಲಿ ರೋಮಕೋಶಗಳು ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ 12,000. ಅಷ್ಟೇ. ಹುಟ್ಟುವ ಮೊದಲೇ ತಯಾರಾಗುವ ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸ್ಟಾಕ್ ಮುಗಿದರೆ ಮುಗಿಯಿತು. ಜೋರು ಸದ್ದು ಮಾತ್ರವಲ್ಲ, ಜೆಂಟಾಮೈಸಿನ್‌ನಂಥ ಕೆಲವು ಆಂಟಿಬಯಾಟಿಕ್‌ಗಳು, ಕ್ಯಾನ್ಸರ್‌ಗೆ ಕೊಡುವ ಸಿಸ್ಪ್ಲಾಟಿನ್ ಕೂಡ ಇವನ್ನು ಕೊಲ್ಲಬಲ್ಲವು.

ಹಕ್ಕಿಗಳ ಕಥೆ ಬೇರೆ. ಜೋರು ಸದ್ದಿನಿಂದ ರೋಮಕೋಶ ಕಳೆದುಕೊಂಡ ಕೋಳಿಮರಿಗಳಲ್ಲಿ, ಪುರಲೆ ಹಕ್ಕಿಗಳಲ್ಲಿ ಅವು ಮತ್ತೆ ಬೆಳೆಯುತ್ತವೆ ಅಂತ 1987-88ರಲ್ಲಿ ಗೊತ್ತಾಯಿತು. ಸುತ್ತಲಿನ ಆಸರೆ ಕೋಶಗಳೇ ಹೊಸ ರೋಮಕೋಶಗಳಾಗುತ್ತವೆ. ಆಸರೆ ಕೋಶಗಳು ನಮ್ಮಲ್ಲೂ ಇವೆ, ಆದರೆ ಅವು ಕೈಕಟ್ಟಿ ಕೂತಿವೆ. ಅವನ್ನು ಎಬ್ಬಿಸುವುದು ಹೇಗೆ ಅಂತ ಸಂಶೋಧನೆ ನಡೆಯುತ್ತಲೇ ಇದೆ.

ಜೋರು ಸಂಗೀತ ಕೇಳಿ ಬಂದ ರಾತ್ರಿ ಕಿವಿ ಗುಂಯ್ ಅಂದು, ಬೆಳಗ್ಗೆ ಸರಿಹೋಗುತ್ತಲ್ಲ? 'ಸರಿಯಾಯ್ತು' ಅಂತ ನಾವು ಮರೆತುಬಿಡ್ತೀವಿ. ಅಮೆರಿಕದ ಕುಜಾವಾ ಮತ್ತು ಲಿಬರ್ಮನ್ 2009ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದನ್ನೇ: ಪರೀಕ್ಷೆಯಲ್ಲಿ ಕಿವಿ ಪೂರ್ತಿ ಚೇತರಿಸಿಕೊಂಡರೂ, ರೋಮಕೋಶಕ್ಕೂ ನರಕ್ಕೂ ಇರುವ ಕೊಂಡಿಗಳು ಕೆಲವು ಜಾಗಗಳಲ್ಲಿ ಅರ್ಧದಷ್ಟು ಕಳಚಿಹೋಗಿದ್ದವು.

ಆಸೆಯೇ ಇಲ್ಲ ಅಂತಲ್ಲ. ಒಟೊಫರ್ಲಿನ್ ಅನ್ನುವ ಪ್ರೊಟೀನ್ ಇಲ್ಲದೆ ಕಿವುಡಾಗಿ ಹುಟ್ಟಿದ ಆರು ಮಕ್ಕಳಿಗೆ ಚೀನಾದಲ್ಲಿ ಜೀನ್ ಚಿಕಿತ್ಸೆ ಕೊಟ್ಟು, ಐವರಿಗೆ ಕೇಳಿಸತೊಡಗಿದ್ದು 2024ರಲ್ಲಿ ಪ್ರಕಟವಾಯಿತು. ಆದರೆ ಆ ಮಕ್ಕಳ ರೋಮಕೋಶ ಜೀವಂತ ಇತ್ತು, ಒಂದು ಪ್ರೊಟೀನ್ ಮಾತ್ರ ಇರಲಿಲ್ಲ. ನನ್ನಲ್ಲಿ ಕೋಶಗಳೇ ಹೋಗಿವೆ.

ಮೂರು ಡೆಸಿಬೆಲ್ ಲೆಕ್ಕ

ಹಾಗಾದರೆ ಮಾಡಬೇಕಾದ್ದೇನು? ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಮೂರು ಡೆಸಿಬೆಲ್ ಹೆಚ್ಚಾದರೆ ಸದ್ದಿನ ಶಕ್ತಿ ದುಪ್ಪಟ್ಟು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. 83 ಆದರೆ 20 ಗಂಟೆ. 90 ಆದರೆ ವಾರಕ್ಕೆ ಬರೀ 4 ಗಂಟೆ! ನಾನು ಮೆಟ್ರೊ ಗದ್ದಲ ಮುಚ್ಚಲು ವಾಲ್ಯೂಮ್ ಏರಿಸುತ್ತಿದ್ದೆ. ವಾರದ ಕೋಟಾ ಸೋಮವಾರವೇ ಮುಗಿಯುತ್ತಿತ್ತೇನೋ. ಈಗ ಹೊರಗಿನ ಸದ್ದು ತಡೆಯುವ ಹೆಡ್‌ಫೋನ್, ವಾಲ್ಯೂಮ್ ಅರ್ಧಕ್ಕಿಂತ ಕೆಳಗೆ, ಗಂಟೆಗೊಮ್ಮೆ ಬಿಡುವು. ಹಲವು ಫೋನ್‌ಗಳಲ್ಲಿ ವಾಲ್ಯೂಮ್‌ಗೆ ಮಿತಿ ಹಾಕುವ ಸೆಟ್ಟಿಂಗ್ ಇದೆ, ಇವತ್ತೇ ಹುಡುಕಿ. ಇನ್ನೊಂದು ಮಾತು: ಕಿವಿ ಇದ್ದಕ್ಕಿದ್ದಂತೆ ಕೇಳಿಸದೇ ಹೋದರೆ ನಾಳೆ ನೋಡೋಣ ಅನ್ನಬೇಡಿ. ಅದಕ್ಕೆ ಬೇಗ ಚಿಕಿತ್ಸೆ ಬೇಕು.

ಎರಡು ಗ್ರಾಫ್

ಇಷ್ಟೆಲ್ಲ ಓದಿದ ಮೇಲೆ ನನ್ನನ್ನು ಕೊರೆಯತೊಡಗಿದ್ದು ನಾನೇ ಆಡಿದ ಮಾತು: 'ಅದು ವಯಸ್ಸಿಂದ'. ಅಪ್ಪ ದೊಡ್ಡಬಳ್ಳಾಪುರದಲ್ಲಿ ಇಪ್ಪತ್ತೈದು ವರ್ಷ ಪವರ್‌ಲೂಮ್ ಮಗ್ಗ ಓಡಿಸಿದವರು. ಮಗ್ಗದ ಶೆಡ್‌ನಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. ವಾರಕ್ಕೆ 4 ಗಂಟೆಯ ಮಿತಿ ಅವರಿಗೆ ಅರ್ಧ ದಿನದ ಪಾಳಿಗೇ ಮುಗಿಯುತ್ತಿತ್ತು. ಮನೆಗೆ ಬಂದು ಟಿವಿ ಜೋರು ಮಾಡಿದರೆ ನಾವು ಬೈಯುತ್ತಿದ್ದೆವು. 'ಬೇಕಾದ್ದು ಮಾತ್ರ ಕೇಳಿಸುತ್ತೆ ಇವರಿಗೆ' ಅಂತ ಛೇಡಿಸುತ್ತಿದ್ದೆವು.

ಅವರನ್ನು ಪರೀಕ್ಷೆಗೆ ಕರೆದುಕೊಂಡು ಹೋದೆ. "ಈ ವಯಸ್ಸಲ್ಲಿ ಯಾಕಪ್ಪ ದುಡ್ಡು ದಂಡ" ಅಂದರು, ಆದರೂ ಬಂದರು. ವಯಸ್ಸಿನದೂ ಸ್ವಲ್ಪ ಪಾಲು ಇದೆ, ಹೆಚ್ಚಿನದು ಮಗ್ಗದ್ದೇ ಅಂದರು ವೈದ್ಯರು. ಎರಡೂ ಗ್ರಾಫ್ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ಅದೇ 4,000, ಅದೇ ಗುಂಡಿ. ಅಪ್ಪನದು ಆಳ, ಅಗಲ. ನನ್ನದು ಈಗಷ್ಟೇ ತೋಡಲು ಶುರು ಮಾಡಿದ್ದು. ಅವರು ನನ್ನ ಫೀಸ್ ಕಟ್ಟಲು ಕಿವಿ ಕೊಟ್ಟರು. ಆ ಫೀಸಿನಿಂದ ಸಿಕ್ಕ ಸಂಬಳದಲ್ಲಿ ನಾನು ಇಯರ್‌ಫೋನ್ ಕೊಂಡು ಹಾಳು ಮಾಡಿಕೊಂಡೆ.

ಅಪ್ಪನಿಗೆ ಈಗ ಶ್ರವಣ ಸಾಧನ ಬಂದಿದೆ. ಹಾಕಿದ ಮೊದಲ ಬೆಳಗ್ಗೆ ಪೇಪರ್ ಬಿಡಿಸುತ್ತಿದ್ದವರು ತಟಕ್ಕನೆ ನಿಲ್ಲಿಸಿ ಸುತ್ತ ನೋಡಿದರು. "ಏನೋ ಅದು, ಪರಪರ ಅಂತೈತೆ?"

"ಪೇಪರ್ ಅಪ್ಪ. ನಿಮ್ಮ ಕೈಯಲ್ಲಿರೋದೇ."

ಪುಟ ಮತ್ತೊಮ್ಮೆ ತಿರುವಿದರು. ಓದಲಿಲ್ಲ, ಸುಮ್ಮನೆ ತಿರುವಿದರು.

ನನ್ನ 'ಕೀ' ಇನ್ನೂ ಇದೆ. ರಾತ್ರಿ ಮನೆಯೆಲ್ಲ ಸುಮ್ಮನಾದಾಗ ಬರುತ್ತೆ. ಆಗ ಎದ್ದು ಯುಪಿಎಸ್ ಆಫ್ ಮಾಡಲು ಹೋಗುವುದಿಲ್ಲ, ಅಷ್ಟೇ.