ಹಲ್ಲು ಕಳೆದುಕೊಂಡ ಕುಕಾಂಗ್‌ಗೆ ಕಾಡಿನ ದಾರಿ

ಇಂಡೋನೇಷ್ಯಾದವರು ಕುಕಾಂಗ್ ಎನ್ನುವ ಸ್ಲೋ ಲೋರಿಸ್, ನಮ್ಮ ತುಮಕೂರು ಸೀಮೆಯ ಕಾಡುಪಾಪದ ಹತ್ತಿರದ ಬಂಧು. ಎರಡೂ ರಾತ್ರಿ ಹೊತ್ತು ಓಡಾಡುವ ಪುಟ್ಟ ವಾನರಗಳು. ಕಾಡುಪಾಪದ್ದು ಸಪೂರ ಮೈಕಟ್ಟು. ಜಾವಾ ದ್ವೀಪದ ಕುಕಾಂಗ್ ದುಂಡಗಿದ್ದು, ಹೆಚ್ಚೆಂದರೆ ಒಂದು ಕಿಲೋ ಆಸುಪಾಸು ತೂಗುತ್ತದೆ. ದೊಡ್ಡ ಕಣ್ಣು, ಮೆತ್ತನೆಯ ತುಪ್ಪಳ, ಅವಸರವಿಲ್ಲದ ನಡೆ. ನೋಡಿದವರಿಗೆ ಮುದ್ದು ಉಕ್ಕುವ ಈ ರೂಪವೇ ಅದಕ್ಕೆ ಮುಳುವಾಗಿದೆ. ಕಾಡು ನಾಶವಾಗಿರುವುದರ ಜೊತೆಗೆ, ಮನೆಯಲ್ಲಿ ಸಾಕಲೆಂದು ಹಿಡಿದು ಮಾರುವ ಕಳ್ಳ ವ್ಯಾಪಾರವೂ ಸೇರಿ ಜಾವಾದ ಕುಕಾಂಗ್ ಇಂದು ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಳಿವಿನ ತೀರಾ ಹತ್ತಿರವಿರುವ ಜೀವಿಗಳ ಸಾಲಿಗೆ ಬಂದಿದೆ.

ಹೀಗೆ ಮಾರಾಟವಾದ ಕುಕಾಂಗ್‌ಗಳಿಗೆ ಚಿಕಿತ್ಸೆ ಕೊಟ್ಟು, ಸಾಧ್ಯವಾದವನ್ನು ಕಾಡಿಗೆ ಮರಳಿಸುವ ಕೇಂದ್ರವೊಂದು ಪಶ್ಚಿಮ ಜಾವಾದ ಬೋಗೋರ್ ಬಳಿ, ಸಾಲಕ್ ಪರ್ವತದ ತಪ್ಪಲಿನ ಚಿಯಾಪುಸ್‌ನಲ್ಲಿದೆ. ಇಂಟರ್‌ನ್ಯಾಷನಲ್ ಅನಿಮಲ್ ರೆಸ್ಕ್ಯೂ ಸಂಸ್ಥೆಯ ಇಂಡೋನೇಷ್ಯಾ ತಂಡ ಕಟ್ಟಿ ಬೆಳೆಸಿದ ಕೇಂದ್ರವಿದು.

ಹಿಡಿಯುವುದು ಸುಲಭ

ಹೆಣ್ಣು ಕುಕಾಂಗ್ ಆರು ತಿಂಗಳ ಗರ್ಭದ ನಂತರ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಮೇವಿಗೆ ಹೋಗುವಾಗ ಮರಿಯನ್ನು ಕೊಂಬೆಯೊಂದಕ್ಕೆ ಅಂಟಿಸಿ ಬಿಟ್ಟುಹೋಗುವ ರೂಢಿ ಅದಕ್ಕಿದೆ. ದೊಡ್ಡವೂ ಬೆಳಕು ಬಿದ್ದಾಗ, ಅಪಾಯ ಕಂಡಾಗ ಓಡುವುದಿಲ್ಲ. ಕೊಂಬೆಯನ್ನು ಬಿಗಿಯಾಗಿ ಹಿಡಿದು ಅಲ್ಲಾಡದೆ ಕೂತುಬಿಡುತ್ತವೆ. ಹದ್ದು, ಹಾವುಗಳ ಕಣ್ಣು ತಪ್ಪಿಸಲು ಒದಗುವ ಈ ಉಪಾಯ ಮನುಷ್ಯನ ಮುಂದೆ ಸೋಲುತ್ತದೆ. ಬೇಟೆಗಾರ ಮರ ಹತ್ತಿ ಹಣ್ಣು ಕಿತ್ತಂತೆ ಅವನ್ನು ಕಿತ್ತುಕೊಂಡು ಬರುತ್ತಾನೆ. ಜಕಾರ್ತದ ಜತಿನೆಗಾರದಂಥ ಪ್ರಾಣಿ ಸಂತೆಗಳಲ್ಲಿ ಬಹಿರಂಗವಾಗಿ ನಡೆಯುತ್ತಿದ್ದ ಮಾರಾಟ ಈಚಿನ ವರ್ಷಗಳಲ್ಲಿ ಫೇಸ್‌ಬುಕ್ ಗುಂಪುಗಳಿಗೆ ಸರಿದಿದೆ.

ವಿಷ ಮತ್ತು ಇಕ್ಕಳ

ವಾನರಗಳಲ್ಲಿ ವಿಷವಿರುವುದು ಸ್ಲೋ ಲೋರಿಸ್‌ಗಳಿಗೆ ಮಾತ್ರ. ಮೊಣಕೈ ಹತ್ತಿರ, ತೋಳಿನ ಒಳಬದಿಯಲ್ಲಿ ಒಂದು ಗ್ರಂಥಿಯಿದೆ. ಅದರ ದ್ರವವನ್ನು ನೆಕ್ಕಿದಾಗ ಜೊಲ್ಲಿನೊಂದಿಗೆ ಬೆರೆತು ವಿಷವಾಗುತ್ತದೆ. ಕಚ್ಚಿದರೆ ಗಾಯ ಊದಿ ವಿಪರೀತ ನೋಯುತ್ತದೆ. ಕೆಲವರಿಗೆ ಅಲರ್ಜಿ ಉಲ್ಬಣಿಸಿ ಜೀವಕ್ಕೇ ಅಪಾಯವಾಗಬಹುದು.

ಕಚ್ಚಿಸಿಕೊಳ್ಳಬಾರದೆಂದು ವ್ಯಾಪಾರಿಗಳು ಕಂಡುಕೊಂಡ ದಾರಿ ಕ್ರೂರವಾದದ್ದು. ನೇಲ್ ಕಟರ್ ಇಲ್ಲವೇ ಇಕ್ಕಳ ಹಿಡಿದು, ಅರಿವಳಿಕೆ ಕೊಡದೆಯೇ, ಮುಂದಿನ ಹಲ್ಲುಗಳನ್ನು ಕತ್ತರಿಸುತ್ತಾರೆ. ಒಡೆದ ಬುಡದಲ್ಲಿ ಕೀವು ತುಂಬುತ್ತದೆ, ಸೋಂಕು ದವಡೆಗೆ ಇಳಿಯುತ್ತದೆ. ಕೆಲವು ಅಲ್ಲೇ ಸಾಯುತ್ತವೆ. ಉಳಿದವು ಮೂರು ಆಸರೆಗಳನ್ನು ಒಟ್ಟಿಗೆ ಕಳೆದುಕೊಳ್ಳುತ್ತವೆ. ಕುಕಾಂಗ್‌ನ ಮುಖ್ಯ ಆಹಾರಗಳಲ್ಲಿ ಮರದ ಅಂಟೂ ಒಂದು. ಅಕೇಶಿಯದಂಥ ಮರಗಳ ತೊಗಟೆಯನ್ನು ಮುಂಬಲ್ಲಿನಿಂದ ಕೆರೆದರೇ ಆ ಅಂಟು ಒಸರುವುದು. ಬಾಚಣಿಗೆಯ ಹಾಗೆ ಜೋಡಿಸಿದ ಕೆಳಹಲ್ಲುಗಳಿಂದಲೇ ಅದು ತುಪ್ಪಳ ಬಾಚಿಕೊಳ್ಳುವುದು. ವಿಷ ಊರಿ ಕಾದಾಡುವುದೂ ಅವುಗಳಿಂದಲೇ.

ಚಿಕಿತ್ಸೆಯ ಹಂತಗಳು

ಅಧಿಕಾರಿಗಳು ವಶಪಡಿಸಿಕೊಂಡ ಇಲ್ಲವೇ ಮಾಲೀಕರೇ ಒಪ್ಪಿಸಿದ ಪ್ರಾಣಿಯನ್ನು ಮೊದಲು ಬೇರೆಯಾಗಿ ಇರಿಸುತ್ತಾರೆ. ಮನುಷ್ಯರ ರೋಗ ವಾನರಗಳಿಗೆ ಅಂಟುವುದರಿಂದ ಈ ಪ್ರತ್ಯೇಕವಾಸ ತಪ್ಪಿಸುವಂತಿಲ್ಲ. ನಂತರ ರಕ್ತ, ಮಲದ ಪರೀಕ್ಷೆ, ಹಲ್ಲಿನ ಎಕ್ಸ್‌ರೇ. ಕೊಳೆತ ಬುಡಗಳನ್ನು ಅರಿವಳಿಕೆ ಕೊಟ್ಟು ಕೀಳುತ್ತಾರೆ. ಗುರುತಿಗೆ ಚರ್ಮದಡಿ ಮೈಕ್ರೋಚಿಪ್ ಹಾಕುತ್ತಾರೆ.

ಮನೆಗಳಲ್ಲಿ ಅನ್ನ, ಸಿಹಿ ಹಣ್ಣು ತಿಂದ ಪ್ರಾಣಿಗೆ ಅದರ ಸಹಜ ಆಹಾರವನ್ನು ಮತ್ತೆ ರೂಢಿ ಮಾಡಿಸುವುದು ಮುಂದಿನ ಹೆಜ್ಜೆ. ಆಹಾರವನ್ನು ತಟ್ಟೆಯಲ್ಲಿ ಇಡದೆ ಕೊಂಬೆಗಳ ನಡುವೆ, ಬಿದಿರಿನ ತೂತುಗಳಲ್ಲಿ ಅಡಗಿಸಿಡುತ್ತಾರೆ. ಹುಡುಕಿ ತಿನ್ನುವುದನ್ನು, ಮನುಷ್ಯರಿಂದ ದೂರವಿರುವುದನ್ನು ಅದು ಕಲಿಯಬೇಕು. ಹಗಲು ಬೆಳಕಿನಲ್ಲಿ ಎಚ್ಚರವಿರುವಂತೆ ಒತ್ತಾಯಕ್ಕೆ ಒಳಗಾದ ಜೀವಿಗೆ ರಾತ್ರಿಯ ಬದುಕನ್ನು ಮರಳಿ ಕೊಡುವುದೂ ಈ ಪಾಠದ ಭಾಗ.

ಬಿಡುಗಡೆ

ಹಲ್ಲು ಗಟ್ಟಿಯಿದ್ದು ಆರೋಗ್ಯವಾಗಿರುವವು ಮಾತ್ರ ಕಾಡಿಗೆ ಹೋಗುತ್ತವೆ. ಜಾವಾ, ಸುಮಾತ್ರಾ, ಬೋರ್ನಿಯೊಗಳ ಲೋರಿಸ್‌ಗಳು ಬೇರೆ ಬೇರೆ ಪ್ರಭೇದಗಳಾದ್ದರಿಂದ ಯಾವುದು ಎಲ್ಲಿಯದು ಎಂದು ಖಚಿತಪಡಿಸಿಕೊಳ್ಳಬೇಕು. ಜಾವಾದವನ್ನು ಹಾಲಿಮುನ್-ಸಾಲಕ್ ಕಾಡುಗಳಲ್ಲೂ, ಸುಮಾತ್ರಾದವನ್ನು ಲಾಂಪುಂಗ್ ಪ್ರಾಂತ್ಯದ ಬಟುತೆಗಿ ಕಾಡಿನಲ್ಲೂ ಬಿಟ್ಟಿದ್ದಾರೆ. ಮೊದಲು ಕಾಡಿನೊಳಗೇ ಬಲೆಯ ಆವರಣದಲ್ಲಿ ಕೆಲದಿನ ಇರಿಸಿ, ಜಾಗದ ವಾಸನೆ, ಸದ್ದುಗಳು ಪರಿಚಯವಾದ ಮೇಲೆ ಬಾಗಿಲು ತೆಗೆಯುತ್ತಾರೆ. ಕೊರಳಿಗೆ ರೇಡಿಯೊ ಕಾಲರ್ ಇರುತ್ತದೆ. ಕಾರ್ಯಕರ್ತರು ಆಂಟೆನಾ ಹಿಡಿದು ರಾತ್ರಿಯಿಡೀ ಗುಡ್ಡ ಹತ್ತಿಳಿದು, ಅದು ಏನು ತಿಂದಿತು, ಎಲ್ಲಿ ಮಲಗಿತು ಎಂದು ಬರೆದುಕೊಳ್ಳುತ್ತಾರೆ.

ಆರಂಭದ ಬಿಡುಗಡೆಗಳಲ್ಲಿ ಅನೇಕ ಪ್ರಾಣಿಗಳು ಸತ್ತವು. ಸ್ಲೋ ಲೋರಿಸ್‌ಗಳು ತಮ್ಮ ನೆಲೆಯನ್ನು ಬಿಟ್ಟುಕೊಡುವಂಥವಲ್ಲ. ಹೊಸದಾಗಿ ಬಂದವನ್ನು ಅಲ್ಲಿನವು ವಿಷದ ಹಲ್ಲಿನಿಂದಲೇ ಎದುರಿಸಬಲ್ಲವು. ಕಾಡಿಗೆ ಬಿಟ್ಟ ಮಾತ್ರಕ್ಕೆ ಪ್ರಾಣಿ ಉಳಿಯಿತು ಎನ್ನುವಂತಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ಜಾಗದ ಆಯ್ಕೆ, ಆವರಣದ ವಾಸ, ಬಿಟ್ಟ ನಂತರದ ನಿಗಾ ಇವೆಲ್ಲಕ್ಕೂ ಅಷ್ಟು ತೂಕ ಬಂದದ್ದು ಅದಕ್ಕೇ. ಹಲ್ಲಿಲ್ಲದವು ಮಾತ್ರ ಕಾಡು ಸೇರುವುದು ಕಷ್ಟ. ಅವುಗಳ ಉಳಿದ ಆಯುಷ್ಯವೆಲ್ಲ ಕೇಂದ್ರದ ಆಶ್ರಯದಲ್ಲೇ ಕಳೆಯುತ್ತದೆ.

ಕಾನೂನು ಮತ್ತು ಕೊಳ್ಳುವವರು

2007ರಲ್ಲಿ ಸೈಟಿಸ್ ಒಪ್ಪಂದ ಎಲ್ಲ ಸ್ಲೋ ಲೋರಿಸ್‌ಗಳನ್ನೂ ಮೊದಲನೇ ಪಟ್ಟಿಗೆ ಸೇರಿಸಿ ಅವುಗಳ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು ನಿಷೇಧಿಸಿತು. ಸಂರಕ್ಷಿತ ಜೀವಿಗಳನ್ನು ಸಾಕಿದರೂ ಮಾರಿದರೂ 5 ವರ್ಷದವರೆಗೆ ಜೈಲು ವಿಧಿಸುವ ಕಾನೂನು ಇಂಡೋನೇಷ್ಯಾದಲ್ಲಿ 1990ರಲ್ಲೇ ಬಂದಿತ್ತು. ಆದರೂ ಬೇಡಿಕೆ ನಿಲ್ಲಲಿಲ್ಲ. 2009ರಲ್ಲಿ ಯೂಟ್ಯೂಬ್‌ನಲ್ಲಿ ಹರಿದಾಡಿದ ಒಂದು ವಿಡಿಯೊದಲ್ಲಿ, ಕಚಗುಳಿ ಇಟ್ಟಾಗ ಲೋರಿಸ್ ತೋಳೆತ್ತುವುದನ್ನು ಲಕ್ಷಾಂತರ ಜನ ಕಂಡು ಹಿಗ್ಗಿದರು. ತೋಳೆತ್ತುವುದು ಸಂತೋಷಕ್ಕಲ್ಲ, ಬೆದರಿದ ಪ್ರಾಣಿ ವಿಷಗ್ರಂಥಿಯನ್ನು ಬಾಯಿಯ ಹತ್ತಿರ ತರುವ ಭಂಗಿ ಅದು.

ಭಾರತಕ್ಕೂ ಈ ವಿಷಯ ದೂರದ್ದಲ್ಲ. ಅಸ್ಸಾಂ, ಮೇಘಾಲಯ, ತ್ರಿಪುರಗಳ ಕಾಡುಗಳಲ್ಲಿ ಬಂಗಾಳ ಸ್ಲೋ ಲೋರಿಸ್ ಇದೆ. ನಮ್ಮ ಕಾಡುಪಾಪವನ್ನು ವಾಮಾಚಾರಕ್ಕೆ, ನಾಟಿ ಔಷಧಕ್ಕೆ ಎಂದು ಹಿಡಿಯುವವರು ಇದ್ದಾರೆ. ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯ ರಕ್ಷಣೆಯಿದೆ. ಕಾಡುಪಾಪಕ್ಕೆಂದೇ ದೇಶದ ಮೊದಲ ಅಭಯಾರಣ್ಯವನ್ನು ತಮಿಳುನಾಡು 2022ರಲ್ಲಿ ಕಡವೂರಿನಲ್ಲಿ ಘೋಷಿಸಿತು. ಇವುಗಳ ಮಾರಾಟ ಕಂಡರೆ, ಪಾಪವೆನಿಸಿದರೂ, ದುಡ್ಡು ಕೊಟ್ಟು ಬಿಡಿಸಿಕೊಳ್ಳಬಾರದು; ಕೊಟ್ಟ ದುಡ್ಡು ಮತ್ತೊಂದನ್ನು ಹಿಡಿಸುತ್ತದೆ. ಅರಣ್ಯ ಇಲಾಖೆಗೆ ತಿಳಿಸಬೇಕು. ಕತ್ತರಿಸಿದ ಹಲ್ಲನ್ನು ಯಾವ ಪುನರ್ವಸತಿ ಕೇಂದ್ರವೂ ಮತ್ತೆ ಬೆಳೆಸಲಾರದು. ಕೊಳ್ಳುವವರಿಲ್ಲವಾದರೆ ಇಕ್ಕಳ ಹಿಡಿಯುವವರೂ ಇರುವುದಿಲ್ಲ.