ಹೊಸ ಖಡ್ಗದ ಕಟ್ಟಳೆ

ನಮ್ಮ ಭಾಗದಲ್ಲಿ ದೊಡ್ಡವರು ಬಂದರೆ ಅವರ ಕೈಗೊಂದು ಖಡ್ಗ ಬರುವುದು ಖಾತ್ರಿ. ಮೊದಲು ಶಾಲು, ಆಮೇಲೆ ಪೇಟ, ಆಳೆತ್ತರದ ಹಾರ, ಕೊನೆಗೆ ಬೆಳ್ಳಿ ಬಣ್ಣದ ತಲವಾರ. ಅದನ್ನು ವೇದಿಕೆಯ ಮೇಲೆ ಒರೆಯಿಂದ ಕಿತ್ತು ಎತ್ತಿ ಹಿಡಿಯಬೇಕು. ಫೋಟೊದವರು ‘ಇನ್ನೊಮ್ಮೆ ಸಾಹೇಬ್ರ’ ಅನ್ನಬೇಕು. ಎತ್ತಿದ ಕೈ ನೋಡಿದರೆ ಸಾಕು, ಆ ಕೈಗೂ ಖಡ್ಗಕ್ಕೂ ಗುರುತು ಪರಿಚಯ ಇಲ್ಲವೆಂದು ತಿಳಿಯುತ್ತದೆ. ಎರಡು ಬೆರಳು ಹಿಡಿಯ ಹೊರಗೇ ಉಳಿದಿರುತ್ತವೆ, ಮೊನೆ ಪಕ್ಕದವರ ಪೇಟದ ಕಡೆ ವಾಲಿರುತ್ತದೆ. ಮನೆಗೆ ಹೋದಮೇಲೆ ಅದರ ಜಾಗ ಷೋಕೇಸು.

ಇದೇ ಕಲಬುರಗಿಯ ಬೀದಿಯಲ್ಲಿ ಮದುವೆ ಮನೆಯ ಗುಗ್ಗಳದ ಮೆರವಣಿಗೆ ಹೊರಟಾಗ ಮುಂದೆ ಕುಣಿಯುವ, ವೀರಭದ್ರನ ಸೇವೆಯ ಪುರವಂತರ ಕೈಯನ್ನೂ ನೋಡಬೇಕು. ಕೆಂಪು ಉಡುಪು, ಎದೆಗೆ ವೀರಭದ್ರನ ಹಲಗೆ, ಕಾಲಿಗೆ ಗೆಜ್ಜೆ, ಹಣೆ ತುಂಬ ವಿಭೂತಿ, ಬಲಗೈಯಲ್ಲಿ ಖಡ್ಗ. ಹಿಂದೆ ಮಡಕೆಯಲ್ಲಿ ಬೆಂಕಿ, ಗುಗ್ಗುಳದ ಹೊಗೆ. ವಾದ್ಯ ಒಮ್ಮೆಲೇ ನಿಂತಾಗ ಒಡಪು ಶುರು. ದಕ್ಷನ ಯಜ್ಞ ಹಾಳಾದ ಕಥೆ, ಶಿವನ ಜಡೆಯಿಂದ ವೀರಭದ್ರ ಹುಟ್ಟಿದ ಕಥೆ ಏರುದನಿಯಲ್ಲಿ ಉರುಳಿ ಬರುತ್ತದೆ. ಸುತ್ತಲೂ ಹೆಣ್ಣುಮಕ್ಕಳು, ಹುಡುಗರು, ನಡುವೆ ನುಗ್ಗಲು ನೋಡುವ ಬೈಕಿನವರು. ಇಷ್ಟೆಲ್ಲ ಗದ್ದಲದಲ್ಲಿ ಆ ಮೊನೆ ಒಬ್ಬರಿಗೂ ತಾಗುವುದಿಲ್ಲ.

ಆ ಹಿಡಿತ ಬರುವುದು ಹೇಗೆ ಎಂಬುದು ಈ ಬರಹದ ವಿಷಯ. ಹೊಸ ಖಡ್ಗವೊಂದು ಅಂಗಡಿಯ ಸಾಮಾನಾಗಿ ಮನೆಗೆ ಬರುತ್ತದೆ. ಅದು ‘ನನ್ನದು’ ಆಗುವುದು ಯಾವಾಗ? ಕಲಬುರಗಿಯಿಂದ ಕಮಲಾಪುರ ಸುಮಾರು 35 ಕಿಲೋಮೀಟರು. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಹುಮನಾಬಾದ್, ವೀರಭದ್ರೇಶ್ವರನ ಊರು. ಈ ದಾರಿಯ ಎರಡೂ ಬದಿಯ ಹಳ್ಳಿಗಳಲ್ಲಿ ಪುರವಂತಿಕೆ ಇನ್ನೂ ಜೀವಂತ ಇದೆ. ಅಲ್ಲಿನ ಕಟ್ಟಳೆ ನೋಡಿದರೆ ನನ್ನ ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕಾಗುತ್ತದೆ. ಅಲ್ಲಿ ಖಡ್ಗ ಯಾರದೂ ಆಗುವುದಿಲ್ಲ, ಮನುಷ್ಯನೇ ಖಡ್ಗದವನಾಗಬೇಕು.

ಹೊಸದು ಬಂದ ಕೂಡಲೇ ಹಿಡಿದು ಕುಣಿಯುವಂತಿಲ್ಲ. ಗುಡಿಗೆ ಒಯ್ದು ದೇವರ ಮುಂದೆ ಇಡಬೇಕು. ವಿಭೂತಿ, ಕುಂಕುಮ, ಪತ್ರಿ ಏರಬೇಕು. ಆಮೇಲೆ ಹಿರಿಯರು ಎತ್ತಿ ಕೊಟ್ಟರೆ ಕೈಯೊಡ್ಡಿ ತಗೋಬೇಕು. ರೊಕ್ಕ ಕೊಟ್ಟು ತಂದವನೇ ಆದರೂ ದೇವರಿಂದ ಇಸಿದುಕೊಂಡ ಲೆಕ್ಕ. ಬಹಳ ಮನೆಗಳಲ್ಲಿ ಈ ಸೇವೆ ವಂಶಪಾರಂಪರ್ಯ; ಹುಡುಗರು ಚಿಕ್ಕಂದಿನಿಂದ ಅಪ್ಪನ ಹಿಂದೆ ಗೆಜ್ಜೆ ಕಟ್ಟಿಕೊಂಡು ನಡೆದವರು. ಆದರೂ ಖಡ್ಗ ತಡವಾಗಿಯೇ ಸಿಗುತ್ತದೆ. ‘ಮೊದಲ ಬಾಯಿ ಹರೀಲಿ ತಮ್ಮಾ, ಆಮ್ಯಾಲ ಕೈ’ ಎಂಬ ಧಾಟಿಯ ಮಾತು ಆ ಮನೆಗಳಲ್ಲಿ ಹೊಸದೇನಲ್ಲ. ಒಡಪು ಬಾಯಿಗೆ ಬಾರದವನ ಕೈಯಲ್ಲಿ ತಲವಾರ ಕೊಟ್ಟರೆ ಅವನಿಗೆ ಬೀಸುವುದೊಂದೇ ಕೆಲಸ. ಒಡಪು ಬಲ್ಲವನಿಗೆ ಎಲ್ಲಿ ಎತ್ತಬೇಕು, ಎಲ್ಲಿ ತಡೆದು ನಿಲ್ಲಿಸಬೇಕು ಎಂಬುದನ್ನು ಮಾತೇ ಹೇಳಿಕೊಡುತ್ತದೆ. ದಕ್ಷಿಣದ ವೀರಗಾಸೆಯವರು ಒಡಪು ಹೇಳುವುದಕ್ಕೇ ‘ಖಡ್ಗ ಹೇಳುವುದು’ ಅನ್ನುತ್ತಾರೆ.

ತಲವಾರಿನ ಹಿಡಿಯನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಂಗತಿ ವಿಚಿತ್ರ ಅನ್ನಿಸುತ್ತದೆ. ಅದು ತೀರ ಗಿಡ್ಡ. ಮೇಲೆ ಅಡ್ಡಪಟ್ಟಿ, ಕೆಳಗೆ ದುಂಡನೆಯ ಬಿಲ್ಲೆ, ನಡುವೆ ನಾಲ್ಕು ಬೆರಳು ಒತ್ತೊತ್ತಾಗಿ ಕೂತರೆ ಮುಗಿಯಿತು. ಮ್ಯೂಸಿಯಮ್ಮಿನಲ್ಲಿ ಇದನ್ನು ಕಂಡವರು ‘ಹಿಂದಿನವರ ಕೈ ಸಣ್ಣದಿತ್ತು’ ಎಂದು ತೀರ್ಮಾನ ಕೊಟ್ಟುಬಿಡುತ್ತಾರೆ. ಹಾಗಲ್ಲ. ಬಿಗಿಯಾಗಿ ಕೂರಲೆಂದೇ ಆ ಅಳತೆ. ಬಿಲ್ಲೆ ಮಣಿಕಟ್ಟಿನ ಬುಡಕ್ಕೆ ಒತ್ತಿ ನಿಲ್ಲುವುದರಿಂದ ಮಣಿಕಟ್ಟು ಬೇಕಾಬಿಟ್ಟಿ ಮಡಚುವುದಿಲ್ಲ. ಬೀಸು ಹುಟ್ಟುವುದು ಮೊಳಕೈಯಿಂದ, ಹೆಗಲಿನಿಂದ. ಒಂದು ಕಿಲೋ ಆಸುಪಾಸಿನ ತೂಕ ಮೊದಲಿಗೆ ಏನೂ ಅಲ್ಲ ಅನ್ನಿಸುತ್ತದೆ. ಅರ್ಧ ತಾಸು ಎತ್ತಿ ಕುಣಿದಮೇಲೆ ಹೆಬ್ಬೆರಳಿನ ಬುಡ ಉರಿಯತೊಡಗುತ್ತದೆ. ಬೆವರಿಗೆ ಹಿಡಿ ಜಾರುತ್ತದೆ. ಹೊಸಬರು ಹಿಡಿಗೆ ಬಟ್ಟೆಯ ಪಟ್ಟಿ ಸುತ್ತುವುದು ಆಗಲೇ. ಎಷ್ಟು ಸುತ್ತು ಎಂಬುದಕ್ಕೆ ಅವರವರ ಅಂಗೈಯೇ ಅಳತೆ. ಒಂದು ಸುತ್ತು ಹೆಚ್ಚಾದರೂ ಬೆರಳು ಕೂಡುವುದಿಲ್ಲ. ಹೊಸ ಖಡ್ಗಕ್ಕೆ ಮಾಡಬಹುದಾದ ಸಿಂಗಾರಗಳಲ್ಲಿ ನನಗೆ ಒಪ್ಪಿಗೆಯಾದದ್ದು ಇದೊಂದೇ. ಕಣ್ಣಿಗೆ ಏನೂ ಅಲ್ಲ, ಕೈಗೆ ಎಲ್ಲವೂ ಹೌದು.

ಹೆಸರು ಕೆತ್ತಿಸುವುದು ರಾಜರ ಕೆಲಸ. ಟಿಪ್ಪು ಸುಲ್ತಾನನದೆಂದು ಲಂಡನ್ನಿನ ಬೋನಮ್ಸ್ ಹರಾಜು ಮನೆಯಲ್ಲಿ 2023ರ ಮೇ 23ರಂದು ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾದ ಖಡ್ಗದ ಮೇಲೆ ಬಂಗಾರದ ಅಕ್ಷರಗಳಿವೆ. ಅರಸನ ಖಡ್ಗ ಎಂಬ ಬರಹದ ಜೊತೆಗೆ ದೇವರ ಗುಣಗಳನ್ನು ಹೇಳುವ ಹೆಸರುಗಳೂ ಇವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವನ ಮಲಗುವ ಕೋಣೆಯಲ್ಲಿ ಸಿಕ್ಕ ಖಡ್ಗ ಅದು. ಅಕ್ಷರ ಅಲ್ಲೇ ಉಳಿಯಿತು, ಕೈ ಬದಲಾಯಿತು. ದಖ್ಖನಿನ ಹಳೆಯ ಸುಲ್ತಾನರ, ಮರಾಠರ ಸೈನಿಕರ ರೂಢಿ ಬೇರೆ ಇತ್ತು. 16–17ನೇ ಶತಮಾನದಲ್ಲಿ ಪೋರ್ಚುಗೀಸರ ಬಂದರುಗಳ ಮೂಲಕ ಯುರೋಪಿನ ನೇರ ಅಲಗುಗಳು ಈ ಕಡೆ ಬರುತ್ತಿದ್ದವು. ಈ ಸೈನಿಕರು ಅವುಗಳಿಗೆ ತಮ್ಮ ಕೈಗೆ ಹೊಂದುವ ದೇಸಿ ಹಿಡಿ ಕೂಡಿಸಿಕೊಂಡರು. ಫಿರಂಗಿ ಎಂದು ಹೆಸರಾದ ಖಡ್ಗ ಇದೇ. ಅಲಗು ಎಲ್ಲಿಯದಾದರೇನು, ಹಿಡಿ ನಮ್ಮದಾದರೆ ಆಯಿತೆಂಬ ಲೆಕ್ಕ. 1347ರಲ್ಲಿ ಬಹಮನಿಗಳ ರಾಜಧಾನಿಯಾದ ಕಲಬುರಗಿಯೂ ಅರಬರು, ಇರಾಣಿಗಳು, ತುರ್ಕರು ಬಂದು ಸೇರಿದ ಊರು. ಹೊರಗಿನದಕ್ಕೆ ನಮ್ಮ ಹಿಡಿ ಹಾಕುವುದು ಇಲ್ಲಿನ ಅಡುಗೆಯಲ್ಲೂ ಮಾತಿನಲ್ಲೂ ಕಾಣುತ್ತದೆ. ಇರಲಿ, ಅದು ಬೇರೆ ಲೇಖನದ ಮಾತು.

ಹಿಡಿ ಕೂಡಿಸುವುದು ಎಂದೆನಲ್ಲ, ಅದೂ ನೋಡುವಂಥದ್ದು. ಅಲಗಿನ ಹಿಂಬದಿ ಸಪೂರಾಗಿ ಬಾಲದಂತೆ ಇಳಿದು ಹಿಡಿಯೊಳಗೆ ಹೋಗುತ್ತದೆ. ಟೊಳ್ಳು ಹಿಡಿಯಲ್ಲಿ ಅರಗು ತುಂಬಿ, ಬಾಲವನ್ನು ಕಾಯಿಸಿ ಒಳಗೆ ಒತ್ತುತ್ತಾರೆ. ಅರಗು ಕರಗಿ, ಸಂದುಗೊಂದು ತುಂಬಿ, ಆರಿದಮೇಲೆ ಕಲ್ಲಿನ ಹಾಗೆ ಹಿಡಿದುಕೊಳ್ಳುತ್ತದೆ. ಕುಡುಗೋಲಿನ ಹಿಡಿ ಕೂಡಿಸುವುದೂ ಇದೇ ರೀತಿ. ಈಗ ಜಾತ್ರೆಯ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಸಿಗುವ ಥಳಥಳಿಸುವ ಎಷ್ಟೋ ತಲವಾರುಗಳಲ್ಲಿ ಬಾಲವೇ ಇರುವುದಿಲ್ಲ. ಬೆರಳುದ್ದದ ಸಲಾಕೆಯನ್ನು ವೆಲ್ಡಿಂಗ್ ಮಾಡಿ ಹಿಡಿ ಸಿಕ್ಕಿಸಿರುತ್ತಾರೆ. ಗೋಡೆಗೆ ತೂಗುಹಾಕಲು ಅಡ್ಡಿಯಿಲ್ಲ. ಜೋರಾಗಿ ಬೀಸಿದರೆ ವೆಲ್ಡಿಂಗ್ ಬಿಟ್ಟು, ಅಲಗು ಜನರ ಮೇಲೆ ಹಾರಬಹುದು. ಸೇವೆಗೆ ಖಡ್ಗ ತರುವವರು ಹೊಳಪು ಬಿಟ್ಟು ಬಾಲ ಕೇಳಬೇಕು.

ಅಲಗು ಹುಟ್ಟುವ ಕುಲುಮೆಯ ಕಡೆಗೂ ಒಮ್ಮೆ ನೋಡೋಣ. ಕಮಲಾಪುರದ ಹೆಸರು ಹೇಳಿದರೆ ಹೊರಗಿನವರಿಗೆ ನೆನಪಾಗುವುದು ಕೆಂಪು ಬಾಳೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಣ್ಣು ಅದು. ಬಾಳೆ ತೋಟವಿದ್ದಲ್ಲಿ ಗೊನೆ ಕಡಿಯುವ, ಎಲೆ ಸವರುವ ಕತ್ತಿ ಇರಲೇಬೇಕು. ಕತ್ತಿ ಇದ್ದಲ್ಲಿ ಕುಲುಮೆ ಬೇಕು. ಊರ ಕಂಬಾರರ ಜೊತೆಗೆ, ರಾಜಸ್ಥಾನ, ಮಧ್ಯಪ್ರದೇಶದ ಕಡೆಯಿಂದ ಬರುವ ಅಲೆಮಾರಿ ಕಂಬಾರರೂ ರಸ್ತೆ ಬದಿ ತಿದಿ ಹೂಡುತ್ತಾರೆ. ಕಬ್ಬಿಣ ಹೊಸದಲ್ಲ, ಲಾರಿಯ ಹಳೆಯ ಕಮಾನು ಪಟ್ಟಿ. ಗಂಡ ಇಕ್ಕಳದಲ್ಲಿ ಹಿಡಿದರೆ ಹೆಂಡತಿ ದೊಡ್ಡ ಸುತ್ತಿಗೆ ಬೀಸುತ್ತಾಳೆ. ಕೆಂಡದ ಬಣ್ಣಕ್ಕೆ ಬಂದ ಅಲಗನ್ನು ನೀರಿಗೆ ಅದ್ದಿದಾಗ ಚೊಂಯ್ ಎಂಬ ಸದ್ದು. ಅಷ್ಟಕ್ಕೇ ಬಿಟ್ಟರೆ ಅದು ಗಾಜಿನಷ್ಟು ಪೆಡಸು. ಮತ್ತೆ ಸ್ವಲ್ಪ ಕಾಯಿಸಿ ಹದಕ್ಕೆ ತರಬೇಕು. ಖಡ್ಗಕ್ಕೂ ಹದ ಇದೇ. ಉದ್ದ ಹೆಚ್ಚಿದ್ದರಿಂದ ಕಷ್ಟ ಮಾತ್ರ ಹೆಚ್ಚು: ಒಂದು ಬದಿ ಬೇಗ ಆರಿದರೆ ಅಲಗು ಸೊಟ್ಟಗಾಗುತ್ತದೆ.

ದಸರೆಯ ಮಹಾನವಮಿಯ ದಿನ ಇವೆಲ್ಲ ಒಂದೇ ಸಾಲಿಗೆ ಬರುತ್ತವೆ. ನಮ್ಮಲ್ಲಿ ಅದು ಖಂಡೆ ಪೂಜೆ. ಪುರವಂತರ ಮನೆಯಲ್ಲಿ ಖಡ್ಗ, ತೋಟದವರ ಮನೆಯಲ್ಲಿ ಕುಡುಗೋಲು, ಕೊಡಲಿ, ಸಲಿಕೆ, ಕಲಬುರಗಿಯ ಗ್ಯಾರೇಜಿನಲ್ಲಿ ಪಾನಾಗಳು, ಸೂಪರ್ ಮಾರ್ಕೆಟ್ಟಿನ ಅಂಗಡಿಯಲ್ಲಿ ತಕ್ಕಡಿ. ಆ ದಿನ ಅವುಗಳಿಗೆ ಬಿಡುವು. ಮಗ್ಗುಲ ಮನೆಯವರು ಬಂದು ‘ಈಳಿಗಿ ಕೊಡ್ರಿ ಅಕ್ಕಾ, ಕಾಯಿಪಲ್ಯ ಹೆಚ್ಚಬೇಕು’ ಅಂದರೆ ‘ಖಂಡೆಗೆ ಇಟ್ಟೀವಿ’ ಎಂಬ ಉತ್ತರ ಸಾಕು. ಮರುದಿನ ಬನ್ನಿ. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನು ಬನ್ನಿ ಮರದಲ್ಲಿಟ್ಟರೆಂಬ ಕಥೆ ಎಲ್ಲರಿಗೂ ಗೊತ್ತು. ಅರ್ಜುನ ಒಂದು ವರ್ಷ ಗಾಂಡೀವ ಬಿಟ್ಟು ಕಾಲಿಗೆ ಗೆಜ್ಜೆ ಕಟ್ಟಿಕೊಂಡ. ಆಯುಧದ ನಂಟು ಎಂದರೆ ಸದಾ ಹಿಡಿದುಕೊಂಡೇ ಇರುವುದು ಎಂದುಕೊಂಡವರು ಈ ಕಥೆಯನ್ನು ಇನ್ನೊಮ್ಮೆ ಕೇಳಬೇಕು.

ಪೂಜೆಯಾದಮೇಲೆ ಅಲಗಿನ ಮೇಲೆ ಏನಾಗುತ್ತದೆ ಎಂಬುದೂ ಸ್ವಾರಸ್ಯವಾಗಿದೆ. ಮೊನೆಗೆ ನಿಂಬೆಹಣ್ಣು ಚುಚ್ಚುತ್ತಾರೆ. ಹುಳಿ ಉಕ್ಕಿಗೆ ತಾಗಿದ ಕಡೆ ರಾತ್ರಿ ಕಳೆಯುವಷ್ಟರಲ್ಲಿ ಬೂದುಗಪ್ಪು ಕಲೆ. ನೀರು ಬೆರೆಸಿ ಹಚ್ಚಿದ ಕುಂಕುಮದ ಅಂಚಿನಲ್ಲಿ ತುಕ್ಕಿನ ಗೆರೆ. ಹೊಸ ಖಡ್ಗದವರು ಗಾಬರಿಯಾಗಿ ಮರಳುಕಾಗದದಿಂದ ತಿಕ್ಕುತ್ತಾರೆ, ಹಿರಿಯರು ಎಣ್ಣೆ ಬಟ್ಟೆಯಲ್ಲಿ ಒರೆಸಿ ಸುಮ್ಮನಾಗುತ್ತಾರೆ. ತುಕ್ಕು ಹೋಗಬೇಕು, ಕಲೆ ಇದ್ದರೆ ಇರಲಿ. ಬೆರಳಿನ ಬೆವರೂ ಉಕ್ಕಿಗೆ ವೈರಿಯೇ. ಮುಟ್ಟಿದಮೇಲೆ ಒರೆಸಿಯೇ ಇಡಬೇಕು. ಚರ್ಮದ ಒರೆಯಲ್ಲಿ ಮಳೆಗಾಲ ಪೂರ್ತಿ ಬಿಟ್ಟರೆ ದಸರೆಗೆ ತೆಗೆಯುವಾಗ ಕಣ್ಣೀರು ಬರುತ್ತದೆ, ಏಕೆಂದರೆ ಚರ್ಮ ಪಸೆ ಹಿಡಿದಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಖಡ್ಗಕ್ಕೆ ಈ ಯಾವ ಕಾಟವೂ ಇಲ್ಲ. ಅದಕ್ಕೆ ವರ್ಷಗಟ್ಟಲೆ ಯಾರೂ ಕೈ ಹಚ್ಚುವುದೂ ಇಲ್ಲ.

ಖಡ್ಗವನ್ನು ಮನುಷ್ಯನಿಗಿಂತ ಮೇಲಿಡುವ ಪದ್ಧತಿ ಒಂದೇ ಸಮುದಾಯದ್ದಲ್ಲ. ದಖ್ಖನಿನ ದರ್ಗಾಗಳ ಉರುಸಿನಲ್ಲಿ ರಿಫಾಯಿ ಫಕೀರರು ಗುರುವಿನ ಅಪ್ಪಣೆ ಪಡೆದೇ ಶಸ್ತ್ರ ಮುಟ್ಟುತ್ತಾರೆ. ಪುರವಂತರು ಕೆನ್ನೆಗೆ ಶಸ್ತ್ರ ಹಾಕಿಕೊಳ್ಳುವುದನ್ನು ಕಂಡವರಿಗೆ ಅದು ಹೊಸದು ಅನ್ನಿಸುವುದಿಲ್ಲ. ಮೊಹರಮ್ಮಿನ ಪಂಜಾಗಳ ನಡುವೆ ಹಜರತ್ ಅಲಿಯವರ ಕವಲು ಮೊನೆಯ ಖಡ್ಗ ಜುಲ್ಫಿಕಾರದ ಆಕಾರವೂ ಕಾಣುತ್ತದೆ. ಹುಮನಾಬಾದ್ ದಾಟಿ ಬೀದರಿಗೆ ಹೋದರೆ ಅಲ್ಲಿ ಇನ್ನೊಂದು ಕಥೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದಸಿಂಗರು ಖಾಲ್ಸಾ ಕಟ್ಟಿದಾಗ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಒಬ್ಬರು ಬೀದರಿನ ಕ್ಷೌರಿಕ ಮನೆತನದ ಭಾಯಿ ಸಾಹಿಬ್ ಸಿಂಗ್ ಎಂದು ಸಿಖ್ಖರು ನೆನೆಯುತ್ತಾರೆ. ಅಂದು ಸಕ್ಕರೆ ಬತ್ತಾಸು ಹಾಕಿದ ನೀರನ್ನು ಇಬ್ಬಾಯಿ ಖಡ್ಗದಿಂದ ಕಲಕಿ ಕುಡಿಸಿದರು. ಅಲ್ಲಿಂದ ಮುಂದೆ ಕೃಪಾಣ ಸಿಖ್ಖರ ಮೈಯ ಭಾಗವೇ ಆಯಿತು. ನಮ್ಮ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಬೆಂಗಳೂರು ಕರಗದ ವೀರಕುಮಾರರು ಎದೆಗೆ ಅಲಗು ಬಡಿದುಕೊಳ್ಳುವ ಸೇವೆಯೂ ಇದೇ ಸಾಲಿನದು. ಎಲ್ಲೆಡೆಯೂ ಮೊದಲು ದೀಕ್ಷೆ, ಆಮೇಲೆ ಅಲಗು.

ದೀಕ್ಷೆ ಇಲ್ಲದ ಅಲಗು ಈಗ ಹುಟ್ಟುಹಬ್ಬದ ಕೇಕಿಗೆ ಇಳಿದಿದೆ. ನಡುರಾತ್ರಿ ನಡುರಸ್ತೆ, ಬೈಕಿನ ಸೀಟಿನ ಮೇಲೆ ಕೇಕು, ‘ಅಣ್ಣ’ನ ಕೈಯಲ್ಲಿ ತಲವಾರ, ಸುತ್ತ ಮೊಬೈಲು. ವಿಡಿಯೊ ಹರಿದಾಡುತ್ತದೆ, ಬೆಳಗಾಗುವಷ್ಟರಲ್ಲಿ ಪೊಲೀಸರು ಬಾಗಿಲಿಗೆ. ರಾಜ್ಯದ ಯಾವ ಜಿಲ್ಲೆಯ ಪತ್ರಿಕೆ ತೆರೆದರೂ ವರ್ಷಕ್ಕೊಮ್ಮೆಯಾದರೂ ಇಂಥ ಸುದ್ದಿ ಉಂಟು. ಹುಡುಗರ ತಪ್ಪು ಎಂದು ಬೈಯುವ ಮೊದಲು, ವೇದಿಕೆಯ ಮೇಲೆ ತಲವಾರ ಎತ್ತಿ ನಗುವ ಫೋಟೊಗಳನ್ನು ಅವರಿಗೆ ತೋರಿಸಿದವರು ಯಾರು ಎಂದೂ ಕೇಳಬೇಕು. 1959ರ ಆಯುಧ ಕಾಯ್ದೆಯಡಿಯ ನಿಯಮಗಳಲ್ಲಿ ಖಡ್ಗ ಆಯುಧವೇ. ಅಲಗು 9 ಇಂಚಿಗಿಂತ ಉದ್ದ ಇಲ್ಲವೇ 2 ಇಂಚಿಗಿಂತ ಅಗಲವಿದ್ದರೆ ಚಾಕುವೂ ಅದೇ ಪಟ್ಟಿಗೆ. ಮನೆಬಳಕೆಗೆ, ಒಕ್ಕಲುತನಕ್ಕೆ ಮಾಡಿದ್ದಕ್ಕೆ ವಿನಾಯಿತಿ. ಕಮಲಾಪುರದ ಬಾಳೆಕತ್ತಿ ಹೀಗೆ ಬಚಾವು. ಖಡ್ಗ ಮನೆಯಲ್ಲಿಟ್ಟುಕೊಳ್ಳಲು ಪರವಾನಗಿ ಬೇಕೋ ಬೇಡವೋ ಎಂಬುದು ಆಯಾ ಪ್ರದೇಶಕ್ಕೆ ಹೊರಡಿಸಿದ ಅಧಿಸೂಚನೆಯ ಮೇಲೆ ನಿಂತಿದೆ. ಹೊಸದು ತರುವ ಮೊದಲೇ ಠಾಣೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಮತ್ತೆ ಪುರವಂತರ ಮನೆಗೆ ಬರೋಣ. ಅಣ್ಣತಮ್ಮಂದಿರು ಬೇರೆಯಾದಾಗ ಖಡ್ಗವೊಂದೇ ಇದ್ದರೆ ಪಾಲು ಮಾಡಲಾಗುವುದಿಲ್ಲ. ಸೇವೆ ಮುಂದುವರಿಸುವವನಿಗೆ ಅದು ಹೋಗಬೇಕು. ಇಬ್ಬರೂ ಸೇವೆಯವರಾದರೆ ಒಬ್ಬ ಹೊಸದು ತರಬೇಕು. ಅಲಗು ಸವೆದು ಬಿರುಕು ಬಿಟ್ಟಿದ್ದರೆ ಕಂಬಾರರ ಹತ್ತಿರ ಇನ್ನೊಂದು ಉಪಾಯವಿದೆ. ಹಿಡಿಯನ್ನು ಬೆಂಕಿಗೆ ಹಿಡಿದರೆ ಒಳಗಿನ ಅರಗು ಮೆತ್ತಗಾಗಿ ಹಳೆಯ ಅಲಗು ಕಳಚಿ ಬರುತ್ತದೆ. ಅದೇ ಹಿಡಿಗೆ ಹೊಸ ಅಲಗು ಕೂಡಿಸಿಕೊಡುತ್ತಾರೆ. ಅರಗು ಪೂರಾ ಆರುವ ತನಕ ಮಾತ್ರ ಮುಟ್ಟುವಂತಿಲ್ಲ. ಸಂಜೆಗೆ ಗುಗ್ಗಳ ಇದ್ದರೆ ಮುಂಜಾನೆಯೇ ಕುಲುಮೆಗೆ ಒಯ್ಯಬೇಕು.